ಸ್ಕೋರ್ ತೋರಿಸಿದರೆ ಸಾಲದು, ಎಲ್ಲಿ ಕಳೆದಿರಿ ಅಂತಲೂ ಹೇಳಿ

ಪ್ರತಿ ಸೀಸನ್ ಶುರುವಾಗುವ ಮೊದಲು ಪ್ರಾದೇಶಿಕ ಸಂಘದಿಂದ ಜಡ್ಜ್‌ಗಳಿಗೆ ಒಂದು ಸುತ್ತೋಲೆ ಬರುತ್ತದೆ. ಮಹಿಳಾ ಜಿಮ್ನಾಸ್ಟಿಕ್ಸ್‌ನಲ್ಲಿ ತೀರ್ಪು ಕೊಡುವವರಿಗೆ ಅದರ ಧಾಟಿ ಬಾಯಿಪಾಠ. ಯಾವ ನಿಯಮ ಬದಲಾಗಿದೆ, ಪರೀಕ್ಷೆ ಯಾವಾಗ, ಏನು ಬಟ್ಟೆ ಹಾಕಬೇಕು, ಎಷ್ಟು ಹೊತ್ತಿಗೆ ಹಾಜರಿರಬೇಕು, ಫೋನ್ ಮುಟ್ಟಬೇಡಿ, ಪೋಷಕರ ಜೊತೆ ಮಾತಿಗೆ ನಿಲ್ಲಬೇಡಿ. ಇದೆಲ್ಲ ಬೇಕೇ ಬೇಕು, ನನ್ನ ತಕರಾರಿಲ್ಲ. ಆದರೆ ಸ್ಕೋರ್ ಕೊಟ್ಟ ಮೇಲೆ ಅದರ ಕಾರಣ ಆ ಹುಡುಗಿಗೆ ಹೇಗೆ ತಲುಪಬೇಕು ಅನ್ನುವುದರ ಬಗ್ಗೆ ಒಂದೇ ಒಂದು ಸಾಲು ಇರುವುದಿಲ್ಲ. ಆ ಇಲ್ಲದ ಸಾಲಿನ ಬಗ್ಗೆಯೇ ಈ ಬರಹ. ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಅಂತರರಾಷ್ಟ್ರೀಯ ಫೆಡರೇಶನ್, ಅಂದರೆ ಎಫ್‌ಐಜಿ, 2006ರಿಂದ ಸ್ಕೋರನ್ನು ಎರಡು ಭಾಗ ಮಾಡಿದೆ. ಡಿ ಸ್ಕೋರ್ ಅಂದರೆ ಕಷ್ಟದ ಲೆಕ್ಕ, ಏನೇನು ಮಾಡಿದಳು ಅನ್ನುವುದು. ಇ ಸ್ಕೋರ್ ಅಂದರೆ ಹೇಗೆ ಮಾಡಿದಳು ಅನ್ನುವುದು. ಇ ಸ್ಕೋರ್ 10ರಿಂದ ಶುರುವಾಗಿ ಕೆಳಗೆ ಇಳಿಯುತ್ತಾ ಹೋಗುತ್ತದೆ. ಸಣ್ಣ ತಪ್ಪಿಗೆ 0.1, ಮಧ್ಯಮಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ ಪೂರ್ತಿ 1.0. ಕೆಳಗಿನ ಹಂತಗಳಲ್ಲಿ, ಎಳೆಯ ಮಕ್ಕಳ ಕೂಟಗಳಲ್ಲಿ, ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇದನ್ನು ಸರಳ ಮಾಡಿಕೊಂಡಿದ್ದಾರೆ. ಆದರೆ ಕಳೆಯುತ್ತಾ ಹೋಗುವ ಪದ್ಧತಿ ಎಲ್ಲ ಕಡೆ ಇರುವಂಥದ್ದೇ.

ಈಗ ಇಬ್ಬರು ಹುಡುಗಿಯರು ಬೀಮ್, ಅಂದರೆ ಕಿರಿದಾದ ತೊಲೆಯ ಮೇಲಿನ ಕಸರತ್ತು, ಮಾಡಿದರು ಅಂದುಕೊಳ್ಳಿ. ಇಬ್ಬರಿಗೂ ಇ ಸ್ಕೋರ್ 7.8 ಬಂತು. ಒಬ್ಬಳು ಒಂದು ಸಲ ಬಿದ್ದಳು, ಅಲ್ಲಿಗೆ 1.0 ಹೋಯಿತು, ಮಿಕ್ಕಿದ್ದು ಅಲ್ಲಲ್ಲಿ ಚೂರುಪಾರು. ಇನ್ನೊಬ್ಬಳು ಬೀಳಲೇ ಇಲ್ಲ, ಆದರೆ ಪ್ರತಿ ಎಲಿಮೆಂಟ್‌ನಲ್ಲೂ (ಒಂದೊಂದು ಬಿಡಿ ಕಸರತ್ತಿನಲ್ಲೂ) ಮಂಡಿ ಸ್ವಲ್ಪ ಮಡಚಿತ್ತು, ಪಾದ ಸಡಿಲ ಇತ್ತು, ಲೀಪ್‌ನಲ್ಲಿ (ಕಾಲು ಚಾಚಿ ಹಾರುವಾಗ) ಕಾಲು ಪೂರ್ತಿ ತೆರೆಯಲಿಲ್ಲ. 0.1, 0.1ರಂತೆ ಸೇರಿ 2.2 ಆಯಿತು. ಬೋರ್ಡ್ ಮೇಲೆ ಇಬ್ಬರದೂ ಒಂದೇ ಅಂಕ. ಆದರೆ ಮುಂದಿನ ತಿಂಗಳು ಜಿಮ್‌ನಲ್ಲಿ ಇಬ್ಬರೂ ಮಾಡಬೇಕಾದ ಕೆಲಸ ಒಂದೇನಾ? ಮೊದಲನೆಯವಳು ಹಾಗೇ ಅಭ್ಯಾಸ ಮುಂದುವರಿಸಿದರೂ ಬಹುಶಃ ಮುಂದಿನ ಕೂಟದಲ್ಲಿ 8.8 ತಗೊಳ್ಳುತ್ತಾಳೆ. ಎರಡನೆಯವಳು ಬುಡದಿಂದ ತಿದ್ದಿಕೊಳ್ಳಬೇಕು. ಇದನ್ನು ಅವಳಿಗೆ ಹೇಳುವವರು ಯಾರು? ಬಿದ್ದವಳಿಗಾದರೂ ತಾನು ಬಿದ್ದದ್ದು ಗೊತ್ತು. ಬೀಳದವಳು 'ನಾನು ಬೀಳಲೇ ಇಲ್ಲವಲ್ಲ, ಜಡ್ಜ್ ಮೋಸ ಮಾಡಿದರು' ಅಂತ ಅಳುತ್ತಾ ಮನೆಗೆ ಹೋಗುತ್ತಾಳೆ. ಅವಳ ಅಮ್ಮ ಅಪ್ಪ ಕೂಡ ಅದನ್ನೇ ನಂಬುತ್ತಾರೆ. ನಂಬದೆ ಏನು ಮಾಡಿಯಾರು, ಅವರ ಕೈಯಲ್ಲಿರುವುದು ಬರೀ ಒಂದು ಅಂಕ.

ನನಗೆ ಸಿಟ್ಟು ಬರುವುದು ಇಲ್ಲಿ. ಆ ಕಾರಣ ಎಲ್ಲೂ ಇಲ್ಲ ಅಂತಲ್ಲ, ಕಾಗದದ ಮೇಲೆ ಬರೆದಿಟ್ಟೇ ಇರುತ್ತದೆ! ಜಡ್ಜ್ ಆದವರು ಕಣ್ಣನ್ನು ಹುಡುಗಿಯ ಮೇಲೇ ಇಟ್ಟು, ಕೆಳಗೆ ನೋಡದೆ ಕೈಯಲ್ಲಿ ಚಿಹ್ನೆಗಳನ್ನು ಬರೆಯುತ್ತಾ ಹೋಗಬೇಕು. ಪ್ರತಿ ಎಲಿಮೆಂಟ್‌ಗೂ ಒಂದು ಚಿಹ್ನೆ ಇದೆ, ಅದರ ಪಕ್ಕದಲ್ಲೋ ಕೆಳಗೋ ಕಳೆದದ್ದು. ಈ ಚಿಹ್ನೆ ಕಲಿಯುವುದಕ್ಕೇ ತಿಂಗಳುಗಟ್ಟಲೆ ಬೇಕು. ಮೊದಮೊದಲು ಕೈ ಬರೆಯುವಷ್ಟರಲ್ಲಿ ಹುಡುಗಿ ಎರಡು ಎಲಿಮೆಂಟ್ ಮುಂದೆ ಹೋಗಿರುತ್ತಾಳೆ. ಅಷ್ಟು ಕಷ್ಟಪಟ್ಟು ಕಲಿತು, ಕೂಟದ ದಿನ ಬೆಳಗಿನಿಂದ ಸಂಜೆವರೆಗೆ ಕೂತು, ಯಾರು ಎಲ್ಲಿ ತಪ್ಪಿದರು ಅಂತ ಅಷ್ಟೂ ಹಾಳೆ ತುಂಬಿಸುತ್ತೇವೆ. ಸಂಜೆ ಆ ಹಾಳೆಗಳು ಎಲ್ಲಿಗೆ ಹೋಗುತ್ತವೆ? ಕಸದ ಬುಟ್ಟಿಗೆ. ಇಡೀ ದಿನದಲ್ಲಿ ಆ ಮಕ್ಕಳಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರಬಹುದಾದ ವಸ್ತು ಅದೊಂದೇ.

ಇದಕ್ಕೆ ಬರುವ ಉತ್ತರ ಗೊತ್ತು. 'ಇ ಸ್ಕೋರನ್ನು ಯಾರೂ ಪ್ರಶ್ನಿಸುವಂತಿಲ್ಲ, ನಿಯಮವೇ ಹಾಗಿದೆ.' ಹೌದು, ಎಫ್‌ಐಜಿ ನಿಯಮದಲ್ಲಿ ಎನ್‌ಕ್ವೈರಿ (ಅಂಕ ಮತ್ತೆ ನೋಡಿ ಅಂತ ಅಧಿಕೃತವಾಗಿ ಕೇಳುವುದು) ಹಾಕುವುದಿದ್ದರೆ ಡಿ ಸ್ಕೋರ್ ಮೇಲೆ ಮಾತ್ರ ಹಾಕಬಹುದು. ಅದಕ್ಕೂ ಬಿಗಿಯಾದ ಗಡುವು ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ಫ್ಲೋರ್ (ನೆಲದ ಮೇಲಿನ ಕಸರತ್ತು) ಫೈನಲ್ ನೆನಪಿರಬಹುದು. ಅಮೆರಿಕದ ಜೋರ್ಡನ್ ಚೈಲ್ಸ್‌ಗೆ ಮೊದಲು ಬಂದದ್ದು 13.666. ಅವಳ ಕೋಚ್ ಎನ್‌ಕ್ವೈರಿ ಹಾಕಿದರು, ಜಡ್ಜ್‌ಗಳು ಒಂದು ಲೀಪ್‌ನ ಬೆಲೆ ಒಪ್ಪಿಕೊಂಡರು, ಸ್ಕೋರ್ 13.766 ಆಗಿ ಕಂಚು ಸಿಕ್ಕಿತು. ಆಮೇಲೆ ಕ್ರೀಡಾ ನ್ಯಾಯಮಂಡಳಿ, ಎನ್‌ಕ್ವೈರಿ ಹಾಕಿದ್ದು 1 ನಿಮಿಷ 4 ಸೆಕೆಂಡಿಗೆ, ಗಡುವು ಇದ್ದದ್ದು 1 ನಿಮಿಷ ಅಂತ ಹೇಳಿತು. ಕಂಚು 13.700 ಪಡೆದಿದ್ದ ರುಮೇನಿಯಾದ ಆನಾ ಬರ್ಬೋಸುಗೆ ಹೋಯಿತು. ಅದೇ ಫೈನಲ್‌ನಲ್ಲಿ ಸಬ್ರೀನಾ ಮನೇಕಾ ವೊಯ್ನಿಯಾಗೂ 13.700 ಬಂದಿತ್ತು, ಅವಳಿಗೆ ಗೆರೆ ದಾಟಿದ್ದಕ್ಕೆ 0.1 ಕಳೆದಿದ್ದರು. ರೀಪ್ಲೇ ನೋಡಿದ ಎಷ್ಟೋ ಜನ ಅವಳ ಕಾಲು ಗೆರೆ ದಾಟಿಲ್ಲ ಅಂತಲೇ ವಾದಿಸಿದರು. ಮೂರು ಹುಡುಗಿಯರು, ಮೂವರ ಹೊಟ್ಟೆಯಲ್ಲೂ ಸಂಕಟ. ಇಷ್ಟೆಲ್ಲ ಗಲಾಟೆ ನಡೆದದ್ದು 0.1ರ ಸುತ್ತ.

ಅಲ್ಲಿ ಪದಕದ ಪ್ರಶ್ನೆ. ಆದ್ದರಿಂದ ಗಡುವು, ಬೀಗ, ಕಾನೂನು ಎಲ್ಲ ಬೇಕು, ಇಲ್ಲದಿದ್ದರೆ ಕೂಟ ಮುಗಿಯುವುದೇ ಇಲ್ಲ. 2004ರ ಅಥೆನ್ಸ್‌ನಲ್ಲಿ ಪುರುಷರ ಆಲ್‌ಅರೌಂಡ್‌ನಲ್ಲಿ (ಎಲ್ಲ ಉಪಕರಣಗಳ ಒಟ್ಟು ಅಂಕದ ಸ್ಪರ್ಧೆ) ದಕ್ಷಿಣ ಕೊರಿಯಾದ ಯಾಂಗ್ ಟೇ ಯಂಗ್‌ನ ಪ್ಯಾರಲಲ್ ಬಾರ್ಸ್ ರೊಟೀನ್‌ಗೆ (ಪೂರ್ತಿ ಪ್ರದರ್ಶನಕ್ಕೆ) 10.0 ಇರಬೇಕಾದ ಸ್ಟಾರ್ಟ್ ವ್ಯಾಲ್ಯೂ, ಅಂದರೆ ಕಳೆಯಲು ಶುರುಮಾಡುವ ಅಂಕ, 9.9 ಅಂತ ಹಾಕಿಬಿಟ್ಟಿದ್ದರು. ಜಡ್ಜ್‌ಗಳನ್ನು ಅಮಾನತು ಮಾಡಿದರು, ಆದರೆ ದೂರು ತಡವಾಗಿ ಬಂತು ಅಂತ ಪದಕದ ಪಟ್ಟಿ ಹಾಗೇ ಉಳಿಯಿತು. ಎರಡು ವರ್ಷದ ನಂತರ ಪದ್ಧತಿಯೇ ಬದಲಾಯಿತು. ಆ ಮಟ್ಟದಲ್ಲಿ ಅಂತಿಮ ಅಂದರೆ ಅಂತಿಮ, ಒಪ್ಪುತ್ತೇನೆ.

ಆದರೆ ಪ್ರಾದೇಶಿಕ ಕೂಟದಲ್ಲಿ ಎಂಟು, ಹತ್ತು, ಹನ್ನೆರಡು ವಯಸ್ಸಿನ ಮಕ್ಕಳು. ಅವರು ಬರುವುದು ಕಲಿಯುವುದಕ್ಕೆ. ಪ್ರಶ್ನಿಸುವಂತಿಲ್ಲ ಅನ್ನುವ ನಿಯಮವನ್ನು ಮೇಲಿನಿಂದ ತಂದು, ವಿವರಿಸುವಂತಿಲ್ಲ ಅಂತ ಮಾಡಿಕೊಂಡಿದ್ದೇವೆ. ಇವೆರಡೂ ಬೇರೆ ಬೇರೆ ಅಲ್ವಾ? ಸ್ಕೋರ್ ಬದಲಾಗಬೇಕಿಲ್ಲ. 7.8 ಅಂದರೆ 7.8. ಎಲ್ಲಿ ಹೋಯಿತು ಅಂತ ಹೇಳಿ, ಅಷ್ಟೇ.

ಹಾಗಂತ ಫ್ಲೋರ್ ಪಕ್ಕದಲ್ಲಿ ನಿಂತು ವಾದ ಮಾಡಿ ಅಂತ ನಾನು ಹೇಳುತ್ತಿಲ್ಲ. ಪೋಷಕರು ಫೋನ್‌ನಲ್ಲಿ ನಿಧಾನಗತಿಯ ವಿಡಿಯೋ ಹಿಡಿದುಕೊಂಡು ಮೇಜಿನ ಹತ್ತಿರ ಬರುವುದು ಈಗಲೇ ಜಾಸ್ತಿಯಾಗಿದೆ, ಅದಕ್ಕೆ ಬಾಗಿಲು ತೆಗೆಯುವುದು ಬೇಡ. ನಾವು ನೋಡುವುದು ಒಂದೇ ಸಲ, ಅದೂ ಒಂದೇ ಕೋನದಿಂದ, ಮಾಮೂಲು ವೇಗದಲ್ಲಿ. ನಿಧಾನಗತಿಯಲ್ಲಿ ನೋಡಿದರೆ ಎಂಥ ಚೆಂದದ ಲ್ಯಾಂಡಿಂಗ್‌ನಲ್ಲೂ ಏನೋ ಒಂದು ಕಾಣುತ್ತದೆ. ಕೂಟ ಮುಗಿದ ಮೇಲೆ ಕೋಚ್‌ಗೆ ಒಂದು ಸಣ್ಣ ಚೀಟಿ ಹೋದರೆ ಸಾಕು. ಯಾವ ಉಪಕರಣ, ಜಾಸ್ತಿ ಕಳೆದದ್ದು ಎಲ್ಲಿ, ಮೂರು ಮಾತು. 'ಬಾರ್ಸ್: ಹ್ಯಾಂಡ್‌ಸ್ಟ್ಯಾಂಡ್ ನೇರಕ್ಕೆ ಬರುತ್ತಿಲ್ಲ, ಕಾಲು ಬಿಡುತ್ತಿದೆ, ಲ್ಯಾಂಡಿಂಗ್‌ನಲ್ಲಿ ದೊಡ್ಡ ಹೆಜ್ಜೆ.' ಇಷ್ಟು ಸಾಕು. ಒಳ್ಳೆಯ ಕೋಚ್‌ಗೆ ಇದು ಗೊತ್ತೇ ಇರುತ್ತದೆ ಅನ್ನಬಹುದು. ಗೊತ್ತಿರುತ್ತದೆ, ಆದರೆ ಮಕ್ಕಳು ಕೋಚ್ ಹೇಳಿದ್ದನ್ನು ಕೇಳದಿದ್ದರೂ ಜಡ್ಜ್ ಬರೆದದ್ದನ್ನು ಓದುತ್ತಾರೆ. ಯಾಕೋ ಗೊತ್ತಿಲ್ಲ, ಹಾಗೇ ಆಗುತ್ತದೆ.

ಇದರಿಂದ ಜಡ್ಜ್‌ಗಳಿಗೂ ಲಾಭ ಇದೆ, ನನಗೆ ಮುಖ್ಯ ಅನ್ನಿಸುವುದು ಅದೇ. ಚೀಟಿ ಬರೆಯಬೇಕು ಅಂತ ಗೊತ್ತಿದ್ದರೆ ಸುಮ್ನೆ ಒಟ್ಟಾರೆ ಅನಿಸಿಕೆಯಿಂದ ಅಂಕ ಹಾಕುವುದು ನಿಲ್ಲುತ್ತದೆ. ಈ ಅಭ್ಯಾಸ ಎಲ್ಲರಿಗೂ ಇದೆ, ಒಪ್ಪಿಕೊಳ್ಳುವವರು ಕಡಿಮೆ. 'ಇವಳು 8.2ರ ಹುಡುಗಿ' ಅಂತ ಮನಸ್ಸು ಮೊದಲೇ ತೀರ್ಮಾನಿಸಿ, ಆಮೇಲೆ ಅದಕ್ಕೆ ಹೊಂದುವಂತೆ ಕೈ ಕಳೆಯುತ್ತದೆ. ಹೆಸರಾದ ಕ್ಲಬ್‌ನ ಲಿಯೋಟಾರ್ಡ್ (ಮೈಗಂಟುವ ಆಟದ ಉಡುಪು) ನೋಡಿದರೆ ಕೈ ಸ್ವಲ್ಪ ಮೃದುವಾಗುತ್ತದೆ. ಕೋಚ್‌ಗಳು ಒಳ್ಳೆಯ ಹುಡುಗಿಯನ್ನು ತಂಡದ ಕೊನೆಯಲ್ಲಿ ಕಳಿಸುವುದು ಸುಮ್ನೆ ಅಲ್ಲ, ಕೊನೆಗೆ ಬಂದವಳಿಗೆ ಅಂಕ ಏರುತ್ತದೆ ಅನ್ನುವ ಲೆಕ್ಕಾಚಾರ. ಕಷ್ಟದ ರೊಟೀನ್ ಮಾಡಿದವರಿಗೆ ಇ ಸ್ಕೋರ್ ಕೂಡ ಮೇಲೇರುವ ಒಲವು ಇದೆ ಅಂತ ಸಂಶೋಧಕರು ಅಂಕಗಳನ್ನು ಲೆಕ್ಕ ಹಾಕಿ ತೋರಿಸಿದ್ದಾರೆ, ಆದರೆ ಡಿ ಮತ್ತು ಇ ಬೇರೆ ಮಾಡಿದ್ದೇ ಅದು ಆಗಬಾರದು ಅಂತ. ಬೆಳಿಗ್ಗೆ ಮೊದಲ ಹುಡುಗಿಯ ಮಂಡಿಗೆ 0.3 ಕಳೆದವರು ಸಂಜೆ ಅಷ್ಟೇ ಮಡಚಿದ ಮಂಡಿಗೆ 0.1 ಕಳೆಯುತ್ತಾರೆ, ಯಾಕಂದರೆ ಕಣ್ಣು ಸೋತಿರುತ್ತದೆ. ಇದು ಪಕ್ಷಪಾತ ಅಲ್ಲ, ಸುಸ್ತು. ಆದರೆ ಆ ಹುಡುಗಿಗೆ ಎರಡೂ ಒಂದೇ.

ದೊಡ್ಡ ಕೂಟಗಳಲ್ಲಿ ಇ ಪ್ಯಾನೆಲ್‌ನಲ್ಲಿ ಹಲವರು ಇರುತ್ತಾರೆ, ಅತಿ ಹೆಚ್ಚು ಅತಿ ಕಡಿಮೆ ಕೊಟ್ಟವರನ್ನು ಬಿಟ್ಟು ಮಿಕ್ಕವರ ಸರಾಸರಿ ತೆಗೆಯುತ್ತಾರೆ. ಒಬ್ಬರ ಸುಸ್ತು ಅಲ್ಲಿ ಮುಳುಗಿಹೋಗುತ್ತದೆ. ನಮ್ಮಂಥ ಸಣ್ಣ ಕೂಟದಲ್ಲಿ ಒಂದು ಉಪಕರಣಕ್ಕೆ ಇಬ್ಬರು, ಒಮ್ಮೊಮ್ಮೆ ಒಬ್ಬರೇ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2019ರಿಂದ ಫುಜಿತ್ಸು ಕಂಪನಿಯ ಯಂತ್ರ ಕೋನಗಳನ್ನು ಅಳೆದು ಜಡ್ಜ್‌ಗಳಿಗೆ ನೆರವಾಗುತ್ತಿದೆ. ಅದು ಪ್ರಾದೇಶಿಕ ಕೂಟಕ್ಕೆ ಬರುವ ದಿನಕ್ಕೆ ನಾನಂತೂ ಕಾಯುವುದಿಲ್ಲ. ಇರುವುದು ನಮ್ಮ ಕಣ್ಣು, ಪೆನ್ಸಿಲ್, ಹಾಳೆ. ಹಾಳೆಯನ್ನು ಎಸೆಯದೆ ಇಟ್ಟುಕೊಂಡು, ಕೂಟದ ಮರುವಾರ ನಾಲ್ಕೈದು ಜಡ್ಜ್‌ಗಳು ಅದೇ ರೊಟೀನ್‌ಗಳ ವಿಡಿಯೋ ಮುಂದೆ ಕೂತು ಹೋಲಿಸಿ ನೋಡಿದರೆ, ಯಾರು ಲೀಪ್‌ಗೆ ಬಿಗಿ, ಯಾರು ಲ್ಯಾಂಡಿಂಗ್‌ಗೆ ಸಡಿಲ ಅಂತ ತಾನಾಗೇ ಹೊರಬರುತ್ತದೆ. ನಿಯಮಪುಸ್ತಕದ ಬಗ್ಗೆ ಇನ್ನೊಂದು ಉಪನ್ಯಾಸಕ್ಕಿಂತ ಇದು ಸಾವಿರ ಪಾಲು ಮೇಲು. 2025–2028ರ ಹೊಸ ಕೋಡ್ (ಎಫ್‌ಐಜಿ ನಿಯಮಪುಸ್ತಕ) ಬಂದಾಗಿನಿಂದ ತರಬೇತಿ ಅಂದರೆ ಯಾವ ಪುಟದಲ್ಲಿ ಏನು ಬದಲಾಯಿತು ಅನ್ನುವುದಷ್ಟೇ ಆಗಿದೆ. ಪುಟ ನಾವೂ ಓದಬಲ್ಲೆವು.

ಆರ್ಟಿಸ್ಟ್ರಿ, ಅಂದರೆ ಕಲಾತ್ಮಕತೆಯ ವಿಷಯದಲ್ಲಂತೂ ಕಾರಣ ಹೇಳುವುದು ಇನ್ನೂ ಬೇಕು. ಬೀಮ್, ಫ್ಲೋರ್ ಎರಡರಲ್ಲೂ ಇದಕ್ಕೆ ಕಳೆಯುತ್ತೇವೆ. ಕಾಲು ನೇರ ಇಲ್ಲ ಅಂದರೆ ಮಗು ಒಪ್ಪುತ್ತದೆ. 'ಭಾವ ಸಾಲದು' ಅಂದರೆ ಏನು ಮಾಡಬೇಕು ಅದು? 'ಸಂಗೀತ ಒಂದು ಕಡೆ, ನೀನು ಒಂದು ಕಡೆ ಇದ್ದೆ', 'ಟಂಬ್ಲಿಂಗ್ (ಸಾಲು ಪಲ್ಟಿ) ಮೊದಲು ಮೂಲೆಯಲ್ಲಿ ತುಂಬಾ ಹೊತ್ತು ನಿಂತೆ' ಅಂತ ಬರೆದರೆ ತಿದ್ದಿಕೊಳ್ಳಬಹುದು. ಹಾಗೆ ಬರೆಯಲು ಬರುವುದಿಲ್ಲ ಅಂದರೆ ಆ 0.1 ಕಳೆಯಲೇಬಾರದು ಅನ್ನುವುದು ನನ್ನ ಅಭಿಪ್ರಾಯ. ಹಿರಿಯರು ಕೆಲವರು ಇದಕ್ಕೆ ಬೈಯುತ್ತಾರೆ, ಬೈಯಲಿ.

ಬಟ್ಟೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಳಉಡುಪಿನ ಪಟ್ಟಿ ಕಂಡಿತು ಅಂತ ಬೆಳೆಯುವ ವಯಸ್ಸಿನ ಹುಡುಗಿಗೆ ಅಂಕ ಕಳೆದು, ಆ ಕಾರಣವನ್ನು ಚೀಟಿಯಲ್ಲಿ ಬರೆಯಲು ಕೈ ಬರುತ್ತದಾ ನಿಮಗೆ? ನನಗೆ ಬರುವುದಿಲ್ಲ. ನ್ಯೂಜಿಲೆಂಡ್‌ನ ಜಿಮ್ನಾಸ್ಟಿಕ್ಸ್ ಸಂಸ್ಥೆ 2024ರಲ್ಲಿ ಲಿಯೋಟಾರ್ಡ್ ಮೇಲೆ ಶಾರ್ಟ್ಸ್ ಅಥವಾ ಲೆಗ್ಗಿಂಗ್ಸ್ ಹಾಕಬಹುದು, ಒಳಉಡುಪು ಕಂಡರೂ ಕಡಿತ ಇಲ್ಲ ಅಂತ ಮಾಡಿತು. 2021ರಲ್ಲಿ ಜರ್ಮನಿಯ ತಂಡ ಒಲಿಂಪಿಕ್ಸ್‌ಗೇ ಕಾಲು ಮುಚ್ಚುವ ಯೂನಿಟಾರ್ಡ್ ಹಾಕಿಕೊಂಡು ಬಂದಿತ್ತು, ಅದು ನಿಯಮದ ಒಳಗೇ ಇತ್ತು. ಪ್ರಾದೇಶಿಕ ಸಂಘಗಳು ಇದನ್ನು ಸುತ್ತೋಲೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕು.

ಇನ್ನೊಂದು, ಯಾರೂ ಗಮನ ಕೊಡದ್ದು. ಹುಡುಗಿಯರು ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ. 2000ದ ಸಿಡ್ನಿ ಒಲಿಂಪಿಕ್ಸ್‌ನ ಮಹಿಳೆಯರ ಆಲ್‌ಅರೌಂಡ್‌ನಲ್ಲಿ ವಾಲ್ಟ್ (ಓಡಿಬಂದು ಕೈಯೂರಿ ಹಾರುವ ಉಪಕರಣ) ಎತ್ತರ 125 ಸೆಂಟಿಮೀಟರ್ ಇರಬೇಕಾದದ್ದು 120ಕ್ಕೆ ನಿಂತಿತ್ತು. ಒಬ್ಬರ ಹಿಂದೆ ಒಬ್ಬರು ತಪ್ಪಿದರು, ಬಿದ್ದರು. ಅಷ್ಟು ದೊಡ್ಡ ಕೂಟದಲ್ಲಿ ಅಷ್ಟು ಜನ ಅಧಿಕಾರಿಗಳಿದ್ದೂ ಎತ್ತರ ಸರಿಯಿಲ್ಲ ಅಂತ ಹೇಳಿದ್ದು ಆಸ್ಟ್ರೇಲಿಯಾದ ಅಲಾನಾ ಸ್ಲೇಟರ್, ಆಡುತ್ತಿದ್ದ ಹುಡುಗಿಯೇ. ಕೂಟ ಶುರುವಾಗುವ ಮೊದಲು ಟೇಪ್ ಹಿಡಿದು ಅಳೆಯುವುದು ಯಾರ ಕೆಲಸ ಅಂತ ಹೆಸರು ಬರೆದೇ ಇಡಬೇಕು.

ಈಗ ದುಡ್ಡಿನ ಮಾತು. ಚೀಟಿ ಬರೆಯಲು ಸಮಯ ಬೇಕು, ಸಮಯಕ್ಕೆ ಜನ ಬೇಕು. ಜಡ್ಜ್‌ಗಳೇ ಇಲ್ಲ ಅನ್ನುವ ಗೋಳು ಎಲ್ಲ ಸಂಘಗಳಲ್ಲೂ ಇದೆ. ಇಲ್ಲದೆ ಏನು, ಇಡೀ ದಿನ ಕೂತು ಬೈಗುಳ ತಿಂದು ಪ್ರಯಾಣದ ಖರ್ಚು ಹುಟ್ಟಿದರೆ ಪುಣ್ಯ ಅನ್ನುವ ಕೆಲಸಕ್ಕೆ ಯಾರು ಬರುತ್ತಾರೆ? ಕೊರತೆ ಇದೆ ಅಂತ ಕೋಚ್‌ಗಳನ್ನೇ ಕೂರಿಸುತ್ತೇವೆ, ಅವರು ಕಲಿಸುವ ಮಕ್ಕಳೇ ಅದೇ ಗುಂಪಿನಲ್ಲಿ ಆಡುತ್ತಿರುತ್ತಾರೆ. ಆಮೇಲೆ ಪಕ್ಷಪಾತದ ಮಾತು ಬಂದರೆ ಎಲ್ಲರಿಗೂ ನೋವು. ಅನಿವಾರ್ಯವಾದರೆ ಕೂರಲಿ, ಆದರೆ ಯಾವ ಕ್ಲಬ್‌ನವರು ಅಂತ ಮೊದಲೇ ಎಲ್ಲರಿಗೂ ತಿಳಿಸಿ, ಅವರ ಹುಡುಗಿ ಬಂದಾಗ ಪಕ್ಕದ ಉಪಕರಣದವರ ಜೊತೆ ಜಾಗ ಬದಲಿಸಿ. ಇದಕ್ಕೆ ಪೈಸೆ ಖರ್ಚಿಲ್ಲ.

ಹದಿನೇಳು ಹದಿನೆಂಟಕ್ಕೆ ಆಟ ಬಿಡುವ ಹುಡುಗಿಯರು ಎಷ್ಟು ಜನ ಇದ್ದಾರೆ ನೋಡಿ. ಅವರಿಗೆ ಎಲಿಮೆಂಟ್‌ಗಳು ಮೈಯಲ್ಲೇ ಗೊತ್ತು, ಚಿಹ್ನೆ ಕಲಿಸಿದರೆ ಸಾಕು. ಮೊದಲ ಸೀಸನ್ ಅಂಕ ಹಾಕುವ ಜವಾಬ್ದಾರಿ ಬೇಡ, ಹಿರಿಯ ಜಡ್ಜ್ ಪಕ್ಕ ಕೂತು ಅವರ ಹಾಳೆ ನೋಡಿ ಕೋಚ್‌ಗಳಿಗೆ ಹೋಗುವ ಚೀಟಿ ಬರೆಯಲಿ. ಚೀಟಿಯೂ ಆಯಿತು, ಕಲಿತದ್ದೂ ಆಯಿತು. ಅವರಿಗೆ ಪರೀಕ್ಷಾ ಶುಲ್ಕ ಮನ್ನಾ ಮಾಡಿ, ಊಟ ಪ್ರಯಾಣ ಸಂಘವೇ ನೋಡಿಕೊಳ್ಳಲಿ. ಟ್ರೋಫಿಗಳ ಗಾತ್ರ ಸ್ವಲ್ಪ ಕಡಿಮೆ ಮಾಡಿದರೆ ಅಷ್ಟು ದುಡ್ಡು ಹುಟ್ಟುತ್ತದೆ. ಮುಂದಿನ ಸುತ್ತೋಲೆಗೆ ಮೊದಲು ಸಂಘದ ಸಭೆಯಲ್ಲಿ ಇದನ್ನು ಲಿಖಿತವಾಗಿ ಕೊಡುತ್ತಿದ್ದೇನೆ. ಜೊತೆಗೆ ಸಹಿ ಹಾಕುವ ಜಡ್ಜ್‌ಗಳು, ಕೋಚ್‌ಗಳು ಇದ್ದರೆ ತಿಳಿಸಿ. ಮೊದಲು ಬೀಮ್ ಒಂದಕ್ಕೇ, ಒಂದು ವಯೋಮಿತಿಗೇ ಮಾಡಿ ನೋಡೋಣ ಅಂದರೂ ನನಗೆ ಒಪ್ಪಿಗೆ.