ಬಾಂಬಿಗಿಂತ ಬಾತ್‌ರೂಮ್ ಕಷ್ಟ

ಅಮೆರಿಕದಲ್ಲಿ ಮಿಲಿಟರಿ ಲೋಡು ಹೊಡೆಯುವ ಟ್ರಕ್ ಡ್ರೈವರ್ ಅಂತ ಗೊತ್ತಾದರೆ ಸಾಕು, ಎದುರಿದ್ದವರು ದನಿ ತಗ್ಗಿಸಿ ಕೇಳುತ್ತಾರೆ: ‘ಒಳಗೇನು, ಮಿಸೈಲಾ?’ ಬಹಳ ಸಲ ಒಳಗಿರುವುದು ಬ್ಯಾರಕ್ಕಿನ ಮಂಚ, ಆಫೀಸಿನ ಮೇಜು, ಟಾಯ್ಲೆಟ್ ಪೇಪರು, ಇಲ್ಲವೇ ಪೆಟ್ಟಿಗೆಗೆ 12ರಂತೆ ತುಂಬಿದ ಎಂಆರ್‌ಇ ಊಟದ ಪೊಟ್ಟಣ. ಯೂನಿಫಾರ್ಮಿಲ್ಲ, ಸೆಲ್ಯೂಟಂತೂ ಇಲ್ಲವೇ ಇಲ್ಲ. ನಿಜಕ್ಕೂ ಸಿಡಿಮದ್ದು ತುಂಬಿದ ದಿನ ಬಾಯಿ ಬಿಡುವಂತಿಲ್ಲ. ಹಾಗಾಗಿ ಜಂಬ ಕೊಚ್ಚಿಕೊಳ್ಳಲು ಇದ್ದ ಒಂದೇ ಅವಕಾಶವೂ ಹೋಯಿತು.

ಸಿಡಿಮದ್ದಿನ ಲೋಡಿಗೆ ಓಕ್ಲಹೋಮಾದ ಮ್ಯಾಕಲೆಸ್ಟರಿಗೋ ಇಂಡಿಯಾನಾದ ಕ್ರೇನಿಗೋ, ಅಂದರೆ ಸೇನೆಯ ಮದ್ದುಗುಂಡಿನ ಕೋಠಿಗಳಿಗೆ ಹೋದರೆ, ಮೊದಲು ಡಿಡಿ ಫಾರ್ಮ್ 626 ಎಂಬ ಗಾಡಿ ತಪಾಸಣೆಯ ಪಟ್ಟಿ ಹಿಡಿದ ಇನ್‌ಸ್ಪೆಕ್ಟರ್ ಗಾಡಿಗೆ ಪ್ರದಕ್ಷಿಣೆ ಹಾಕುತ್ತಾರೆ. ಬ್ರೇಕು, ಟೈರು, ಬೆಂಕಿ ಆರಿಸುವ ಸಿಲಿಂಡರು, ಡ್ರೈವರಿನ ಮೆಡಿಕಲ್ ಕಾರ್ಡು, ಯಾವುದನ್ನೂ ಬಿಡುವುದಿಲ್ಲ. ಸಾವಿರ ಮೈಲಿ ಓಡಿ ಬಂದ ಗಾಡಿ ಇಲ್ಲಿ ಒಂದು ಪುಟಾಣಿ ಬಲ್ಬಿಗಾಗಿ ನಿಂತುಬಿಡುತ್ತದೆ. ಹೊಸ ಬಲ್ಬು ಹಾಕಿದರೂ ಉರಿಯಲಿಲ್ಲವೋ, ಅರ್ತ್ ತಂತಿ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಅದರ ಕನೆಕ್ಟರನ್ನು ಹಸಿರು ಪುಡಿ ಮಾಡಿಟ್ಟಿರುತ್ತದೆ.

ಲೋಡಾಗಿ ಸೀಲ್ ಬಿದ್ದ ಮೇಲೆ ಶುರುವಾಗುತ್ತದೆ ಅಸಲಿ ಪರೀಕ್ಷೆ. 1.1, 1.2, 1.3 ದರ್ಜೆಯ, ಅಂದರೆ ಹೆಚ್ಚು ಅಪಾಯದ ಸಿಡಿಮದ್ದಿದ್ದರೆ ಗಾಡಿಯನ್ನು ಒಂಟಿ ಬಿಡುವಂತಿಲ್ಲ. ಕಾಯುವವರು ಒಳಗೆ ಎಚ್ಚರವಾಗಿ ಕೂತಿರಬೇಕು, ಮಲಗುವ ಬರ್ತಿನಲ್ಲಿದ್ದರೆ ಲೆಕ್ಕಕ್ಕಿಲ್ಲ. ಹೊರಗಿದ್ದರೆ 100 ಅಡಿಯೊಳಗೆ, ಗಾಡಿ ಕಣ್ಣಿಗೆ ಕಾಣುವ ಹಾಗೆ. ಇತ್ತ ಅದೇ ಗಾಡಿಯನ್ನು ಮನೆ, ಸೇತುವೆ, ಸುರಂಗ, ಜನ ಸೇರುವ ಜಾಗಗಳಿಂದ 300 ಅಡಿ ದೂರ ನಿಲ್ಲಿಸಬೇಕು. ಬಾತ್‌ರೂಮು ಇರುವುದೇ ಜನ ಸೇರುವ ಕಡೆ. 300ರಲ್ಲಿ 100 ಕಳೆದರೆ ಉಳಿಯುವ 200 ಅಡಿಯನ್ನು ದಾಟುವುದು ಹೇಗೆ? ಬೇರೆ ದಾರಿಯೇ ಇಲ್ಲದಿದ್ದರೆ ಸ್ವಲ್ಪ ಹೊತ್ತು ಹತ್ತಿರ ನಿಲ್ಲಿಸಬಹುದೆಂಬ ಕಿಂಡಿಯೊಂದು ನಿಯಮದಲ್ಲೇ ಇದೆ. ಎಲ್ಲರ ಬದುಕೂ ಆ ಕಿಂಡಿಯಲ್ಲೇ ನಡೆಯುತ್ತದೆ.

ಇಂಥ ಲೋಡುಗಳಲ್ಲಿ ಇಬ್ಬರು ಡ್ರೈವರುಗಳಿರುತ್ತಾರೆ, ಎಷ್ಟೋ ಸಲ ಗಂಡ-ಹೆಂಡತಿ. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ಮಲಗಿರುತ್ತಾರೆ. ಮುಖಾಮುಖಿ ಆಗುವುದು ಡೀಸೆಲ್ ಹಾಕಿಸುವಾಗ. ನಡುವೆ ಬಾತ್‌ರೂಮಿಗೆ ಹೋಗಬೇಕೆಂದರೆ ಮಲಗಿದವರನ್ನು ಎಬ್ಬಿಸಿ ಸೀಟಿಗೆ ಕೂರಿಸಬೇಕು. ಡ್ರೈವರಿನ ಕಡ್ಡಾಯ ವಿಶ್ರಾಂತಿಯನ್ನು ಎರಡು ಕಂತು ಮಾಡುವುದಾದರೆ ಬರ್ತಿನ ಕಂತು ಸತತ 7 ಗಂಟೆಯಾದರೂ ಇರಬೇಕು. ಐದನೇ ಗಂಟೆಗೆ ಎಬ್ಬಿಸಿದಿರೋ, ಲಾಗ್‌ಬುಕ್ಕೂ ಕೆಟ್ಟಿತು, ಸಂಸಾರವೂ ಕೆಟ್ಟಿತು. ಈ ಕೆಲಸದ ಡ್ರೈವರುಗಳು ನೀರು ಕುಡಿಯುವುದನ್ನು ನೋಡಬೇಕು, ತೀರ್ಥದ ಹಾಗೆ.

ರೈಲ್ವೆ ಹಳಿ ಬಂದರೆ 15ರಿಂದ 50 ಅಡಿ ಮುಂಚೆ ನಿಲ್ಲಬೇಕು, ಹತ್ತಾರು ಮೈಲಿ ರೈಲಿನ ಸುಳಿವಿಲ್ಲದಿದ್ದರೂ. ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಲೇ ಇರುತ್ತಾನೆ, ಕಣ್ಣೆದುರಿನ ಫಲಕದಲ್ಲಿ ‘ಸ್ಫೋಟಕ’ ಎಂದು ಬರೆದಿದ್ದರೂ. ಧೈರ್ಯ ಮೆಚ್ಚಬೇಕು.

ಫ್ಲ್ಯಾಟ್‌ಬೆಡ್ ಎಂಬ ಗೋಡೆ-ಸೂರಿಲ್ಲದ ಚಪ್ಪಟೆ ಟ್ರೇಲರಿನ ಮೇಲೆ ಸೇನೆಯ ವಾಹನ ಹೊರುವವರದು ಬೇರೆಯೇ ಗ್ರಹಚಾರ. ಕಟ್ಟುವ ಚೈನುಗಳ ಒಟ್ಟು ತಾಳಿಕೆ ಸರಕಿನ ತೂಕದ ಅರ್ಧವಾದರೂ ಇರಬೇಕು: 40,000 ಪೌಂಡಿನ ವಾಹನಕ್ಕೆ 20,000. 3/8 ಇಂಚಿನ ಗ್ರೇಡ್ 70 ಚೈನಿನ ತಾಳಿಕೆ 6,600 ಪೌಂಡ್. ಹೊಸಬ ಬೆರಳು ಮಡಚಿ ಎಣಿಸಿ, ನಾಲ್ಕು ಚೈನು ಬಿಗಿದು, ಕೈ ಒರೆಸಿಕೊಂಡು ಹೊರಡುತ್ತಾನೆ. ಆದರೆ ಟ್ರೇಲರಿನ ಕೊಂಡಿಯಿಂದ ವಾಹನದ ಕೊಂಡಿಗೆ ನೇರ ಬಿಗಿದ ಚೈನಿಗೆ ಅರ್ಧ ಮಾರ್ಕು, ಬರೀ 3,300. ವಾಹನವನ್ನು ಸುತ್ತುವರಿದು ಟ್ರೇಲರಿನ ಆಚೆ ಬದಿಗೆ ಹೋದರಷ್ಟೇ ಪೂರ್ತಿ ಮಾರ್ಕು. ಅಂದರೆ ಬೇಕಾದದ್ದು ಏಳು. ಎರಡೂ ಕಡೆ ಸಮ ಇರಲೆಂದು ಎಂಟು. ಈ ಜ್ಞಾನೋದಯ ಆಗುವುದು ತೂಕದ ಕೇಂದ್ರದಲ್ಲಿ, ಇನ್‌ಸ್ಪೆಕ್ಟರ್ ಪೆನ್ನು ತೆಗೆದಾಗ. ಸರಿಯಾಗಿ ಕಟ್ಟಿದರೂ ಮೊದಲ 50 ಮೈಲಿಯೊಳಗೆ ಇಳಿದು ನೋಡಲೇಬೇಕು. ಮೇಲಿನ ವಾಹನ ತನ್ನದೇ ಟೈರು, ಸ್ಪ್ರಿಂಗುಗಳ ಮೇಲೆ ಕುಲುಕಿ ತಗ್ಗುತ್ತದೆ, ಬಿಗಿಯಾಗಿದ್ದ ಚೈನು ಜೋಲುತ್ತದೆ.

ಅದೂ ಸರಿಯಾಯಿತು ಅನ್ನಿ, ಇಳಿಸುವಾಗ ಬೀಗ ಕಾಡುತ್ತದೆ. ಹಮ್‌ವೀ ಎಂಬ ಸೇನೆಯ ದೊಡ್ಡ ಜೀಪನ್ನು ಸ್ಟಾರ್ಟ್ ಮಾಡಲು ಕೀಲಿ ಬೇಡ, ಸ್ವಿಚ್ ತಿರುಗಿಸಿದರೆ ಸಾಕು. ಅದಕ್ಕೇ ಸ್ಟೀರಿಂಗಿಗೆ ಸರಪಳಿ ಸುತ್ತಿ ಬೀಗ ಜಡಿದಿರುತ್ತಾರೆ. ಬೀಗ ಇಲ್ಲಿಗೆ ಬಂದಿರುತ್ತದೆ. ಕೀಲಿ ಲೋಡ್ ಮಾಡಿದವನ ಜೇಬಿನಲ್ಲಿ, ಎರಡು ರಾಜ್ಯಗಳಾಚೆ. ಹೊರಡುವ ಮುಂಚೆ ಕೀಲಿ ಕೇಳಿ ಪಡೆಯಿರಿ, ಅದೇ ಬೀಗದ್ದು ಹೌದೋ ಅಂತ ಒಮ್ಮೆ ತಿರುಗಿಸಿಯೂ ನೋಡಿ.

ಸೇನಾ ನೆಲೆಯೊಳಗೆ ಸಂಜೆ, ಸಾಮಾನ್ಯವಾಗಿ 5ಕ್ಕೆ, ಕಹಳೆ ಕೇಳುತ್ತದೆ. ಧ್ವಜ ಇಳಿಸುವ ಹೊತ್ತು. ಮುಂದಿನ ಕಾರುಗಳೆಲ್ಲ ನಡುರಸ್ತೆಯಲ್ಲೇ ಗಕ್ಕನೆ ನಿಲ್ಲುತ್ತವೆ. ಗೊತ್ತಿಲ್ಲದ ಡ್ರೈವರ್, ಯಾರದೋ ಗಾಡಿ ಕೆಟ್ಟಿತೆಂದು ಏರ್ ಹಾರ್ನ್ ಎಳೆಯುತ್ತಾನೆ. ಸೆಲ್ಯೂಟ್ ಹೊಡೆದು ನಿಂತ ಸೈನಿಕ ಕತ್ತು ತಿರುಗಿಸುವುದಿಲ್ಲ, ಕಣ್ಣು ಮಾತ್ರ ಹೊರಳಿಸುತ್ತಾನೆ. ಅಷ್ಟು ಸಾಕು.

ತಾರೀಖಿನ ತಮಾಷೆಯೂ ಒಂದಿದೆ. ಸೇನೆಯ ಕಾಗದದಲ್ಲಿ ತಲುಪಬೇಕಾದ ದಿನ 045 ಎಂದಿದ್ದರೆ ಅದು ವರ್ಷದ 45ನೇ ದಿನ, ಫೆಬ್ರವರಿ 14. ತಪ್ಪಾಗಿ ಎಣಿಸಿ ಶುಕ್ರವಾರ ಕತ್ತಲಾದ ಮೇಲೆ ಬಂದರೆ ಗೇಟಿನವರು ಸೋಮವಾರ ಬಾ ಅನ್ನುತ್ತಾರೆ. ಸಿಡಿಮದ್ದಿನ ಗಾಡಿಯಾದರೆ ಸಾಮಾನ್ಯವಾಗಿ ಕಾವಲಿರುವ ಜಾಗ ಕೊಡುತ್ತಾರೆ. ಮಾಮೂಲಿ ಸರಕಿಗೆ ಆ ಭಾಗ್ಯವಿಲ್ಲ, ಗೇಟಿನಾಚೆಯೇ ಗತಿ. ಬೆನ್ನ ಹಿಂದೆ 53 ಅಡಿ ಉದ್ದದ ಟ್ರೇಲರ್, ಅದರ ತುಂಬಾ ಟಾಯ್ಲೆಟ್ ಪೇಪರು, ಬಾಗಿಲಿಗೆ ಒಡೆಯಬಾರದ ಸೀಲು. ಡ್ರೈವರ್ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಹತ್ತಿರದ ಬಾತ್‌ರೂಮ್ ಹುಡುಕುತ್ತಿರುತ್ತಾನೆ.