ಸುಮ್ನೆ – 40

ನಮ್ಮ ಗುಂಪಿನಲ್ಲಿ ಒಬ್ಬ ಚಿತ್ರಗುಪ್ತ ಇದ್ದಾನೆ. ಅವನಿಗೆ ಬೇರೆ ಹೆಸರಿದೆ, ಆದರೆ ಅದನ್ನು ಅವನ ಹೆಂಡತಿ ಬಿಟ್ಟರೆ ಯಾರೂ ಬಳಸುವುದಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಪ್ಲೇಟ್ ಬೋಂಡಾವನ್ನು ನಾಲ್ವರು ಹಂಚಿಕೊಂಡು ತಿಂದರೂ, ಯಾರು ಬೋಂಡಾ ತಿಂದರು, ಯಾರು ಬರೀ ಚಟ್ನಿ ನೆಕ್ಕಿದರು ಅಂತ ಬರೆದಿಡುತ್ತಿದ್ದ. ಇಪ್ಪತ್ತು ವರ್ಷ ಆಯಿತು. ನಮ್ಮ ಕೂದಲು ಹಣ್ಣಾಯಿತು, ಅವನ ಅಂಗಿ ಜೇಬಿನ ಪುಟ್ಟ ನೋಟ್‌ಬುಕ್ಕು ಹಾಗೇ ಇದೆ. ಖರ್ಚು ಹಂಚುವುದಕ್ಕೆ ಮೊಬೈಲಿನಲ್ಲಿ ಆ್ಯಪ್ ಇದೆ ಕಣೋ ಅಂದರೆ, ‘ಅದಕ್ಕೆ ಚಾರ್ಜರ್ ಹೊತ್ಕೊಂಡು ತಿರುಗಬೇಕು, ಇದಕ್ಕೆ ಬೇಡ’ ಅನ್ನುತ್ತಾನೆ.

ಮೊನ್ನೆ ಅವನ ಮನೆಗೆ ಹೋಗಿದ್ದೆ. ಅವನು ಕಾಫಿ ತರಲು ಒಳಗೆ ಹೋದಾಗ ಶೆಲ್ಫಿನಲ್ಲಿ ಹಳೇ ನೋಟ್‌ಬುಕ್ಕುಗಳ ಸಾಲು ಕಣ್ಣಿಗೆ ಬಿತ್ತು. ಒಂದರ ಮೇಲೆ ‘ಬಾದಾಮಿ, ಡಿಸೆಂಬರ್ 2023’ ಅಂತಿತ್ತು. ತೆಗೆದು ನೋಡಿದೆ. ಆ ಪ್ರವಾಸದಲ್ಲಿ ನಾನು ತೆಗೆದ ಫೋಟೋಗಳು ನಾನೂರಕ್ಕೂ ಜಾಸ್ತಿ. ಫೋನಿನಲ್ಲೇ ಇವೆ, ಒಂದನ್ನೂ ತಿರುಗಿ ನೋಡಿಲ್ಲ. ಈ ಆರು ಪುಟ ಓದುವಷ್ಟರಲ್ಲಿ ಮಾತ್ರ ನಾಲಿಗೆಯ ತುದಿಗೆ ಶೇಂಗಾ ಚಟ್ನಿಯ ಖಾರ ಬಂತು.

ನಾವು ನಾಲ್ವರು. ಚಿತ್ರಗುಪ್ತ, ನಾನು, ಹೈಸ್ಕೂಲಿನಲ್ಲಿ ಪಾಠ ಮಾಡುವ ಟೀಚರ್, ಆಮೇಲೆ ಪುಟ್ಟಿ. ನಮ್ಮಲ್ಲೆಲ್ಲ ಎತ್ತರ ಇರುವವಳು ಪುಟ್ಟಿಯೇ. ಪುಣೆಯಲ್ಲಿ ಕೆಲಸ. ಬೆಂಗಳೂರಿನಿಂದಲೇ ಒಂದು ಕಾರು ಮಾಡಿಕೊಂಡು ಹೋಗೋಣ ಅಂದವಳೂ ಅವಳೇ. ಚಿತ್ರಗುಪ್ತ ಪೆನ್ನು ತೆಗೆದ. ಕಿಲೋಮೀಟರ್ ಲೆಕ್ಕ, ಟೋಲ್, ಡ್ರೈವರ್ ಭತ್ಯೆ, ಡ್ರೈವರಿಗೆ ಊಟ ಅಂತ ಬರೆದು ಕೂಡಿಸಿ, ಮಾತಾಡದೆ ಹಾಳೆಯನ್ನು ಅವಳ ಮುಂದಿಟ್ಟ. ಪುಟ್ಟಿ ಅದನ್ನು ನೋಡಿ, ‘ರೈಲಲ್ಲಿ ಲೋಯರ್ ಬರ್ತ್ ನನಗೆ’ ಅಂದಳು. ಅಲ್ಲಿಗೆ ಚರ್ಚೆ ಮುಗಿಯಿತು.

ಮೊದಲ ಪುಟದಲ್ಲಿ ಇರುವುದು: ‘ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಸ್ಲೀಪರ್, 4’. ಅದರ ಕೆಳಗೆ: ‘ಟಂಟಂ’. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಸ್ಟೇಷನ್ನಿನಿಂದ ಊರಿಗೆ ಸುಮಾರು ಐದು ಕಿಲೋಮೀಟರು. ಆ ಕಡೆ ದೊಡ್ಡ ಆಟೋಗೆ ಟಂಟಂ ಅನ್ನುತ್ತಾರೆ. ನಾವು ಹತ್ತಿದ ಟಂಟಂನಲ್ಲಿ ಒಂಬತ್ತು ಜನ, ಎರಡು ಮೂಟೆ ಮತ್ತು ಒಂದು ಹೊಸ ಪ್ಲಾಸ್ಟಿಕ್ ಕುರ್ಚಿ ಇದ್ದವು. ಕುರ್ಚಿಯ ಮೇಲೆ ಯಾರೂ ಕೂತಿರಲಿಲ್ಲ. ಅದು ಯಾರ ತೊಡೆಯ ಮೇಲಿತ್ತೋ ಅವರ ಮುಖ ಕಾಣಿಸದೆ, ದಾರಿಯುದ್ದಕ್ಕೂ ನಾನು ಕುರ್ಚಿಯ ಜೊತೆಗೇ ಮಾತಾಡಿದೆ. ಲಾಡ್ಜು ಎಲ್ಲಿ ಅಗ್ಗ ಅಂತ ಹೇಳಿದ್ದೂ ಕುರ್ಚಿಯೇ.

ಗುಹೆಗಳ ವಿಷಯ. ಕೆಂಪು ಬಂಡೆಯಲ್ಲಿ ಕೊರೆದ ನಾಲ್ಕು ಗುಹೆ, ಕೆಳಗೆ ಅಗಸ್ತ್ಯ ತೀರ್ಥ, ನೀರಿನ ಆಚೆ ದಡದಲ್ಲಿ ಭೂತನಾಥನ ಗುಡಿ, ಎಲ್ಲೆಲ್ಲೂ ಮಂಗ. ಇದನ್ನು ಎಲ್ಲರೂ ಬರೆದಿದ್ದಾರೆ, ನಾನು ಬೇರೆ ಬರೆಯುವುದಿಲ್ಲ. ಮೊದಲನೇ ಗುಹೆಯ ನಟರಾಜನಿಗೆ ಹದಿನೆಂಟು ಕೈ ಅಂತ ಬೋರ್ಡಿನಲ್ಲಿತ್ತು. ಚಿತ್ರಗುಪ್ತ ಎರಡು ಸಲ ಎಣಿಸಿ, ಸರಿಯಾಗಿದೆ ಅಂದ. ಆದರೆ ಮೂರನೇ ಗುಹೆಯ ಹತ್ತಿರ ನಡೆದದ್ದನ್ನು ಬಿಡುವಂತಿಲ್ಲ.

ಆ ಗುಹೆ ಕ್ರಿ.ಶ. 578ರದು, ಚಾಲುಕ್ಯರ ಮಂಗಲೇಶ ಮಾಡಿಸಿದ್ದು. ಅದಕ್ಕೆ ಸೇರಿದ ಹಾಗೆ ಬಂಡೆಯ ಮೇಲೆ ಒಂದು ಚಿಕ್ಕ ಕನ್ನಡ ಶಾಸನ ಇದೆ. ಟೀಚರ್ ಅದರ ಬಗ್ಗೆ ಓದಿಕೊಂಡು ಬಂದಿದ್ದಳು. ಮಂಗಲೇಶ ಈ ‘ಕಲ್ಮನೆ’ಗೆ ಲಂಜಿಗೇಸರ ಅನ್ನುವ ಹಳ್ಳಿಯನ್ನು ಬಿಟ್ಟುಕೊಟ್ಟ ಅಂತ ಅದರಲ್ಲಿದೆ. ಗುಹೆ ಅಂತಲ್ಲ, ಗುಡಿ ಅಂತಲ್ಲ, ಕಲ್ಮನೆ. ಕಲ್ಲಿನ ಮನೆ. ದೇವರಿಗೆ ಹೂಮಾಲೆ ಕಟ್ಟುವವನಿಗೆ ಸಲ್ಲಬೇಕಾದ ಪಾಲೂ ಅದರಲ್ಲೇ ನಮೂದಾಗಿದೆ. ಕೊನೆಗೆ ಒಂದು ಶಾಪ: ಇದನ್ನು ಅಳಿಸಿದವನು ಏಳನೇ ನರಕದ ಹುಳು ಆಗಲಿ.

ಚಿತ್ರಗುಪ್ತ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ‘ಅಂದ್ರೆ ಇದು ಖರ್ಚಿನ ಲೆಕ್ಕ ಅಲ್ವಾ?’ ಅಂದ. ಟೀಚರ್ ತಲೆ ಚಚ್ಚಿಕೊಂಡಳು. ಅವನು ಮಾತ್ರ ಬಂಡೆಗೆ ಬೆನ್ನು ಕೊಟ್ಟು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಏನೋ ಬರೆದ. ಈಗ ಆ ಪುಟ ನನ್ನ ಕೈಯಲ್ಲಿದೆ. ಗುಹೆ ಟಿಕೆಟ್ಟು, ಬೆಳಗಿನ ಇಡ್ಲಿ, ಮಂಗ ಕಿತ್ತುಕೊಂಡು ಹೋದ ಬಿಸ್ಕತ್ ಪೊಟ್ಟಣದ ಕೆಳಗೆ ಒಂದು ಗೀಟು. ಅದರ ಕೆಳಗೆ: ‘ಈ ಲೆಕ್ಕ ತಿದ್ದಿದವರು ಏಳನೇ ನರಕದ ಹುಳು.’

ಎರಡನೇ ಪುಟದಲ್ಲಿ ಸೊನ್ನೆ ಬಂದಿದೆ. ಮಧ್ಯಾಹ್ನ ಬನಶಂಕರಿಗೆ ಹೋಗಲು ಕೆಂಪು ಬಸ್ಸು ಹತ್ತಿದೆವು. ಆ ವರ್ಷ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತು. ಟೀಚರ್ ರಾಣಿಯ ಹಾಗೆ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಂಡಳು. ಪುಟ್ಟಿಯೂ ತೋರಿಸಿದಳು. ಕಂಡಕ್ಟರು ಕಾರ್ಡನ್ನು ತಿರುಗಿಸಿ ನೋಡಿದರು.

‘ಇದು ಪುಣೆ ಅಡ್ರೆಸ್ ಐತಲ್ರೀ.’

‘ನಾನು ಹುಟ್ಟಿದ್ದು ಹಾಸನ ಜಿಲ್ಲೆ ರೀ!’

‘ಹುಟ್ಟಿದ್ದಕ್ಕಲ್ರೀ ಅಕ್ಕಾರ, ಇರೋದಕ್ಕ.’

ಇಡೀ ಬಸ್ಸು ನಕ್ಕಿತು. ಪುಟ್ಟಿ ದುಡ್ಡು ಕೊಟ್ಟಳು. ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟು. ‘ಅಲ್ಲಿ ಹೊರಗಿನವಳು, ಅರ್ಧ ಕೊಡ್ತೀನಿ. ಇಲ್ಲಿ ತವರು, ಪೂರ್ತಿ ಕೊಡಬೇಕು’ ಅಂತ ಬನಶಂಕರಿ ಬರುವ ತನಕ ಗೊಣಗಿದಳು. ಅಷ್ಟರಲ್ಲಿ ಚಿತ್ರಗುಪ್ತ ಹೊಸ ತಕರಾರು ತೆಗೆದ. ಮೂರು ಟಿಕೆಟ್ಟಿನ ದುಡ್ಡನ್ನು ಮೂವರಿಗೆ ಹಂಚಬೇಕೋ, ನಾಲ್ವರಿಗೋ? ‘ಸರ್ಕಾರ ನನಗೆ ಕೊಟ್ಟಿದ್ದನ್ನ ನಿಮಗ್ಯಾಕೆ ಹಂಚಲಿ?’ ಅಂದಳು ಟೀಚರ್. ಪ್ರಶ್ನೆ ನ್ಯಾಯವಾದದ್ದೇ. ಕೊನೆಗೆ ಪ್ರವಾಸ ಮುಗಿಯುವ ತನಕ ಮಿರ್ಚಿ ಭಜಿಯ ಖರ್ಚೆಲ್ಲ ಟೀಚರದು ಅಂತ ರಾಜಿಯಾಯಿತು. ಭಜಿ ಎಷ್ಟು ತಿಂದೆವು ಅಂದರೆ, ಟಿಕೆಟ್ ತೆಗೆದಿದ್ದರೇ ಅವಳಿಗೆ ಉಳಿತಾಯ ಆಗುತ್ತಿತ್ತು.

ಬನಶಂಕರಿ ಗುಡಿಯ ಹತ್ತಿರ ಹೆಂಗಸರು ಬುಟ್ಟಿಯಲ್ಲಿ ಮನೆಯ ಊಟ ತಂದು ಮಾರುತ್ತಾರೆ. ಜೋಳದ ರೊಟ್ಟಿ, ಬದನೇಕಾಯಿ ಪಲ್ಯ, ಕಾಳು ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಡಿಗೆಯಲ್ಲಿ ಗಟ್ಟಿ ಮೊಸರು. ಮೇಜಿಲ್ಲ, ಮೆನು ಇಲ್ಲ. ಮರದ ನೆರಳಿನಲ್ಲಿ ಕೂತರೆ ಆಯಿತು. ನಮಗೆ ಬಡಿಸಿದ ತಾಯಿ ಗಳಿಗೆಗೊಮ್ಮೆ ‘ಇನ್ನೊಂದ್ ತಗೋರಿ’ ಅನ್ನುತ್ತಿದ್ದಳು. ಬೇಡ ಅನ್ನುವಷ್ಟರಲ್ಲಿ ರೊಟ್ಟಿ ಬಿದ್ದಿರುತ್ತಿತ್ತು. ಅದರ ಮೇಲೆ ಪಲ್ಯ, ಪಲ್ಯದ ಮೇಲೆ ಚಟ್ನಿ, ಚಟ್ನಿಯ ನಡುವೆ ಬೆರಳಿನಿಂದ ಒಂದು ಗುಳಿ, ಗುಳಿಗೆ ಎಣ್ಣೆ. ಪುಟ್ಟಿ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ತಿಂದಳು, ನಿಲ್ಲಿಸಲಿಲ್ಲ.

ಮುಗಿದ ಮೇಲೆ ತಾಯಿ ನಮ್ಮ ಕಡೆ ನೋಡದೆಯೇ, ಬುಟ್ಟಿಗೆ ಬಟ್ಟೆ ಮುಚ್ಚುತ್ತಾ ದುಡ್ಡು ಎಷ್ಟು ಅಂತ ಹೇಳಿದಳು. ಚಿತ್ರಗುಪ್ತನ ಪೆನ್ನು ಗಾಳಿಯಲ್ಲೇ ನಿಂತಿತು.

‘ಅವ್ವಾ, ನಾವು ತಿಂದಿದ್ದು ಒಂಬತ್ತು ರೊಟ್ಟಿ. ನೀವು ಎಂಟಕ್ಕೆ ಹೇಳಿದ್ರಿ.’

‘ಒಂದು ಮುರುಕ ಇತ್ತಲ್ಲೋ ತಮ್ಮಾ. ಮುರುಕ ರೊಟ್ಟಿ ಲೆಕ್ಕಕ್ಕ ಹಿಡಿಯಂಗಿಲ್ಲ.’

ಅವನು ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾದ. ಇಪ್ಪತ್ತು ವರ್ಷದಲ್ಲಿ ಅವನ ಲೆಕ್ಕವನ್ನು ಯಾರೂ ಹೀಗೆ ಕೆಡಿಸಿರಲಿಲ್ಲ. ಪುಟದಲ್ಲಿ ಹೀಗಿದೆ: ‘ರೊಟ್ಟಿ 8 + 1 ಮುರುಕು’. ಆ ಒಂದರ ಮುಂದೆ ಸೊನ್ನೆಯನ್ನೂ ಹಾಕಿಲ್ಲ, ಗೀಟನ್ನೂ ಎಳೆದಿಲ್ಲ. ಖಾಲಿ ಬಿಟ್ಟಿದ್ದಾನೆ.

ಮೂರನೇ ಪುಟ ಮುದುಡಿ ಹೋಗಿದೆ. ಅದಕ್ಕೆ ಕಾರಣ ಒಬ್ಬ ಅಜ್ಜಿ. ಮರುದಿನ ಬೆಳಿಗ್ಗೆ ಪಟ್ಟದಕಲ್ಲಿನ ಬಸ್ಸು ಸ್ಟ್ಯಾಂಡಿಗೆ ಬಂದಾಗ ಜನ ಮುಗಿಬಿದ್ದರು. ಬಾಗಿಲಲ್ಲಿ ಹತ್ತುವುದು ನಮ್ಮಂಥವರ ಕೈಲಾಗುವ ಕೆಲಸ ಅಲ್ಲ. ಕಿಟಕಿಯಿಂದ ಸೀಟು ಹಿಡಿಯಬೇಕು. ನಾನು ಕರ್ಚೀಫ್ ಎಸೆದೆ, ಒಂದು ಸೀಟಾಯಿತು. ಪುಟ್ಟಿಯ ಕೈ ಉದ್ದ, ಅವಳು ದುಪಟ್ಟಾವನ್ನು ನೀಟಾಗಿ ಹಾಸಿಯೇ ಬಿಟ್ಟಳು. ಚಿತ್ರಗುಪ್ತನ ಹತ್ತಿರ ಎಸೆಯಲು ಏನೂ ಇರಲಿಲ್ಲ. ಗಾಬರಿಯಲ್ಲಿ ಜೇಬಿಗೆ ಕೈ ಹಾಕಿ ಸಿಕ್ಕಿದ್ದನ್ನು ಎಸೆದ.

ಒಳಗೆ ಹತ್ತಿ ನೋಡಿದರೆ ಆ ಸೀಟಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ನೋಟ್‌ಬುಕ್ಕು ಅವರ ಕೈಯಲ್ಲಿ ತಲೆಕೆಳಗಾಗಿ ಇತ್ತು. ಪುಟ ತಿರುಗಿಸುತ್ತಿದ್ದರು.

‘ಅಜ್ಜಿ, ಅದು ನನ್ನದು’ ಅಂದ ಚಿತ್ರಗುಪ್ತ.

‘ಬುಕ್ಕ ನಿಂದು. ಸೀಟ ನಿಂದಂತ ಯಾರ್ ಹೇಳಿದ್ರು? ಟಾವೆಲ್ ಹಾಕಿದ್ರ ಸೀಟು. ಬುಕ್ಕ ಹಾಕಿದ್ರ ಸಾಲಿ.’

ಕಾನೂನು ಅಂದರೆ ಇದು. ಕರ್ಚೀಫು, ಟವೆಲ್ಲು, ಚೀಲ, ಕೊನೆಗೆ ಒಂದು ಬಾಳೆಹಣ್ಣಿಗೂ ಬಸ್ಸಿನಲ್ಲಿ ಮಾನ್ಯತೆ ಇದೆ. ಪುಸ್ತಕಕ್ಕಿಲ್ಲ. ಪಟ್ಟದಕಲ್ಲು ಬಾದಾಮಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು, ಅಷ್ಟೂ ದೂರ ಅವನು ಕಂಬಿ ಹಿಡಿದು ನಿಂತೇ ಬಂದ. ಕಿಟಕಿಯಾಚೆ ಜೋಳದ ಹೊಲ. ಅಜ್ಜಿ ನಡುವೆ ಸೊಂಟದ ಚೀಲದಿಂದ ಹುರಿದ ಶೇಂಗಾ ತೆಗೆದು ಅವನ ಅಂಗೈಗೆ ಸುರಿದರು. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಶೇಂಗಾ. ಬಾಯಿಗೆ ಹಾಕಿಕೊಳ್ಳುವುದು ಹೇಗೆ ಅಂತ ಅವನು ಊರು ಬರುವ ತನಕ ಯೋಚಿಸಿದ.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕಾರಿನಲ್ಲಿ ಬಂದವರು ಮುಕ್ಕಾಲು ಗಂಟೆಯಲ್ಲಿ ನೋಡಿ ಹೊರಟರು. ನಮಗೆ ಐಹೊಳೆಯ ಬಸ್ಸು ಇದ್ದದ್ದು ಎರಡು ಗಂಟೆ ಬಿಟ್ಟು. ಬೇರೆ ಕೆಲಸ ಇಲ್ಲ, ಹಾಗಾಗಿ ವಿರೂಪಾಕ್ಷನ ಗುಡಿಯನ್ನು ಎರಡು ಸಲ ನೋಡಿದೆವು. ಮೊದಲ ಸಲ ನೋಡಿದ್ದು ಬರೀ ದೊಡ್ಡ ಗುಡಿ. ಎರಡನೇ ಸಲ ರಾವಣನ ಮೇಲೆ ಎರಗುತ್ತಿರುವ ಜಟಾಯು ಕಾಣಿಸಿದ. ಎದುರಿನ ಮಂಟಪದಲ್ಲಿ ಕೆಂಪು ಬಟ್ಟೆ ಹೊದ್ದ ನಂದಿ ಇತ್ತು. ಕಂಚಿಯ ಪಲ್ಲವರನ್ನು ಗಂಡ ವಿಕ್ರಮಾದಿತ್ಯ ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ಈ ಗುಡಿ ಕಟ್ಟಿಸಿದಳು. ಕಟ್ಟಿದ ಶಿಲ್ಪಿ ಗುಂಡನ ಹೆಸರೂ, ಅವನಿಗೆ ತ್ರಿಭುವನಾಚಾರಿ ಅನ್ನುವ ಬಿರುದು ಸಿಕ್ಕಿದ್ದೂ ಅಲ್ಲಿನ ಶಾಸನದಲ್ಲಿದೆ. ‘ನೋಡ್ದಾ, ಯಾರು ದುಡ್ಡು ಹಾಕಿದ್ರು, ಯಾರು ಕೆಲಸ ಮಾಡಿದ್ರು, ಎರಡೂ ಬರೆದಿದ್ದಾರೆ’ ಅಂತ ಚಿತ್ರಗುಪ್ತ ಬೀಗಿದ. ತಾನೇ ಬರೆಸಿದ ಹಾಗೆ.

ಐಹೊಳೆಯಲ್ಲಿ ಬಸ್ಸು ತಪ್ಪಿತು. ತಪ್ಪು ಟೀಚರದು, ಅವಳು ಒಪ್ಪುವುದಿಲ್ಲ. ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ. ದುರ್ಗ ದೇವಾಲಯದ ಮುಂದೆ ಯಾವುದೋ ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬ ಹುಡುಗ, ‘ದುರ್ಗಮ್ಮನ ವಿಗ್ರಹ ಎಲ್ಲೈತಿ?’ ಅಂತ ಕೇಳಿದ. ಅವನು ಕೇಳಿದ್ದು ತನ್ನ ಗೆಳೆಯನನ್ನು. ಉತ್ತರ ಕೊಟ್ಟಿದ್ದು ನಮ್ಮ ಟೀಚರ್. ಇದು ದುರ್ಗಿಯ ಗುಡಿ ಅಲ್ಲ, ಕೋಟೆ ಅನ್ನುವ ಅರ್ಥದ ದುರ್ಗ, ಹಿಂಭಾಗ ನೋಡಿ ಅರ್ಧಚಂದ್ರದ ಹಾಗಿದೆ ಅಂತ ಶುರು ಮಾಡಿದಳು. ಮಕ್ಕಳು ಸುತ್ತಲೂ ಸೇರಿದರು. ಅವರ ಮೇಷ್ಟ್ರು ನೆಮ್ಮದಿಯಾಗಿ ಒಂದು ಕಡೆ ಕೂತು ನೀರು ಕುಡಿದರು. ನಾವು ರಸ್ತೆಗೆ ಬಂದಾಗ ಬಸ್ಸಿನ ಧೂಳು ಇನ್ನೂ ಕೂತಿರಲಿಲ್ಲ.

‘ಬಾದಾಮಿ ಬಸ್ ಹೋತಲ್ರೀ’ ಅಂದ ಅಂಗಡಿಯವನು. ‘ಅಮೀನಗಡಕ್ಕ ಹೋಗ್ರಿ, ಅಲ್ಲಿಂದ ಹೆಂಗರೆ ಹೋಗಬಹುದು.’

ಹಾಗಾಗಿ ಐದನೇ ಪುಟದಲ್ಲಿ ಯೋಜನೆಯಲ್ಲಿ ಇಲ್ಲದ ಊರುಗಳಿವೆ. ‘ಅಮೀನಗಡ, ಕರದಂಟು, ಅರ್ಧ ಕೆಜಿ.’ ‘ಕರದಂಟು, ಇನ್ನೂ ಅರ್ಧ ಕೆಜಿ.’ ಮೊದಲನೆಯದು ಮನೆಗೆ ಅಂತ ತೆಗೆದುಕೊಂಡದ್ದು, ಬಸ್ಸು ಬರುವಷ್ಟರಲ್ಲಿ ಖಾಲಿಯಾಯಿತು. ಅದರ ಕೆಳಗೆ ‘ಗುಳೇದಗುಡ್ಡ, ಖಣ, ಟೀಚರ್ ಸ್ವಂತ ಖರ್ಚು’ ಅಂತ ಎರಡು ಗೀಟು ಎಳೆದು ಬರೆದಿದೆ. ಅಲ್ಲಿ ಬಸ್ಸು ಬದಲಾಯಿಸುವ ಹೊತ್ತಿನಲ್ಲಿ ಅವಳು ಓಡಿಹೋಗಿ ಒಂದು ರವಿಕೆ ಖಣ ತಂದಿದ್ದಳು. ಬಾದಾಮಿ ತಲುಪಿದಾಗ ಕತ್ತಲಾಗಿತ್ತು. ಬಸ್ಸಿನ ಬೆಳಕಿನಲ್ಲಿ ಅವಳು ಖಣ ಬಿಚ್ಚಿ ನೋಡುತ್ತಾ, ಪುಟ್ಟಿ ಅವಳ ಭುಜಕ್ಕೆ ತಲೆ ಕೊಟ್ಟು ನಿದ್ದೆ ಮಾಡುತ್ತಾ ಇದ್ದದ್ದು ನೆನಪಿದೆ. ಅದರ ಫೋಟೋ ಯಾರೂ ತೆಗೆದಿಲ್ಲ.

ಕೊನೆಯ ಪುಟದಲ್ಲಿ ಒಟ್ಟು ಲೆಕ್ಕ. ತಲೆಗೆ 2,415 ರೂಪಾಯಿ. ಅದರ ಮೇಲಿನ ಸಾಲಿನಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ, ಎರಡೇ ಶಬ್ದ: ‘ಸುಮ್ನೆ – 40’.

ಅಷ್ಟರಲ್ಲಿ ಅವನು ಕಾಫಿ ತಂದ. ‘ಏನೋ ಇದು, ಸುಮ್ನೆ ಅಂದ್ರೆ?’ ಅಂದೆ. ನೋಟ್‌ಬುಕ್ಕು ಕಿತ್ತುಕೊಂಡು ಕನ್ನಡಕ ಏರಿಸಿ ನೋಡಿದ. ಮುಖ ಗಂಟು ಹಾಕಿದ. ನೆನಪಿಲ್ಲ ಅಂದ. ಅವನಿಗೆ ನೆನಪಿಲ್ಲ ಅನ್ನುವುದನ್ನು ನಾನು ಹೇಗೆ ನಂಬಲಿ?

ಗ್ರೂಪಿನಲ್ಲಿ ಹಾಕಿದೆ. ನಾಲ್ಕು ಚಹಾ ಇರಬೇಕು ಅಂದಳು ಟೀಚರ್. ಚಹಾಕ್ಕೆ ಬೇರೆ ಲೆಕ್ಕ ಇದೆ, ಒಂದೊಂದೂ ಇದೆ. ಬಸ್ಸಿನಲ್ಲಿ ಸಿಕ್ಕ ಆ ಅಜ್ಜಿಗೆ ಇವನು ಪಟ್ಟದಕಲ್ಲಿನಲ್ಲಿ ಇಳಿಯುವಾಗ ಏನಾದರೂ ಕೊಟ್ಟಿರಬಹುದು ಅಂತ ನನ್ನ ಅನುಮಾನ. ಪುಟ್ಟಿ ಬೇರೆಯದೇ ಹೇಳುತ್ತಾಳೆ. ಬನಶಂಕರಿಯಲ್ಲಿ ನಾವೆಲ್ಲ ಕೈ ತೊಳೆಯಲು ಹೋದಾಗ ಚಿತ್ರಗುಪ್ತ ಒಬ್ಬನೇ ರೊಟ್ಟಿಯ ಬುಟ್ಟಿಯ ಹತ್ತಿರ ವಾಪಸ್ ಹೋಗಿದ್ದನ್ನು ಅವಳು ನೋಡಿದ್ದಳಂತೆ. ಮುರುಕ ರೊಟ್ಟಿಗೆ ನಲವತ್ತು ರೂಪಾಯಿ ಯಾರು ಕೊಡುತ್ತಾರೆ ಅಂತ ಟೀಚರ್ ಕೇಳಿದಳು. ಚಿತ್ರಗುಪ್ತ ಮೆಸೇಜು ನೋಡಿದ್ದಾನೆ, ನೀಲಿ ಟಿಕ್ ಬಂದಿದೆ. ಉತ್ತರ ಕೊಟ್ಟಿಲ್ಲ.

ಮುಂದಿನ ತಿಂಗಳು ಬೀದರಿಗೆ ಹೊರಟಿದ್ದೇವೆ. ಹೊಸ ನೋಟ್‌ಬುಕ್ಕು ತಂದಾಗಿದೆ. ನಿನ್ನೆ ಅದರ ಮೊದಲ ಪುಟದ ಫೋಟೋ ಕಳಿಸಿದ್ದ. ಮೇಲೆ ಬೀದರ್ ಅಂತ ದಪ್ಪಕ್ಷರ. ಕೆಳಗೆ ಮೊದಲ ಸಾಲು: ‘ಹಿಂದಿನ ಬಾಕಿ – 40. ತಲೆಗೆ 10.’