ನಿಮ್ಮ ಪ್ರಶ್ನೆಗೆ ಬೀಗ ಹಾಕಲಾಗಿದೆ

ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇಂಗ್ಲಿಷಿನಲ್ಲಿ ಸರಾಗವಾಗಿ ಬರೆಯಲು ಬರುವುದು ಒಂದೇ, ರಜಾ ಅರ್ಜಿ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನೆಟ್ಟಿನಲ್ಲಿ ಮೊದಲ ಸಲ ಪ್ರೋಗ್ರಾಮಿಂಗ್ ಸಹಾಯ ಕೇಳಿದಾಗ ನಾನು ಬರೆದದ್ದೂ ಅದನ್ನೇ. 'ರೆಸ್ಪೆಕ್ಟೆಡ್ ಸರ್' ಅಂತ ಶುರು. 'ಐ ಹ್ಯಾವ್ ಎ ಡೌಟ್' ಅಂತ ವಿಷಯ. 'ಕೈಂಡ್ಲಿ ಡು ದಿ ನೀಡ್‌ಫುಲ್, ಥ್ಯಾಂಕಿಂಗ್ ಯೂ' ಅಂತ ಮುಕ್ತಾಯ. ಕೆಳಗೆ ಅಪ್ಪನ ಸಹಿ ಒಂದು ಇರಲಿಲ್ಲ, ಅಷ್ಟೇ.

ಡೌಟು ದೊಡ್ಡದೇನಲ್ಲ. ಸಿ ಭಾಷೆಯ ಪ್ರೋಗ್ರಾಮಿನಲ್ಲಿ 'ಫಾರ್' ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲು) ಹಾಕಿದ್ದೆ, 1ರಿಂದ 10ರವರೆಗೆ ಅಂಕಿ ಬರಬೇಕಿತ್ತು, ಬರೀ 11 ಅಂತ ಒಂದೇ ಅಂಕಿ ಬರುತ್ತಿತ್ತು. ಎಲ್ಲಿ ಕೇಳಿದೆ ಅಂತ ಹೆಸರು ಬೇಡ ಬಿಡಿ, ಆಗ ಅಂಥ ಜಾಗಗಳು ಬೇಕಾದಷ್ಟಿದ್ದವು.

ಹತ್ತು ನಿಮಿಷದಲ್ಲಿ ಜನ ಸೇರಿದರು. ಖುಷಿಯಾಯಿತು. ಮೊದಲನೆಯವರು, ನಿನಗಿರುವುದು ಡೌಟ್ ಅಲ್ಲ, ಕ್ವೆಶ್ಚನ್, ಡೌಟ್ ಅಂದರೆ ಅನುಮಾನ ಅಂದರು. (ನನಗೆ ಆಗಲೇ ಅನುಮಾನ ಬರಬೇಕಿತ್ತು.) ಎರಡನೆಯವರಿಗೆ ನಾನು ಪ್ರೋಗ್ರಾಮಿನ ಶುರುವಿನಲ್ಲಿ 'ಇಂಟ್ ಮೇನ್' ಬದಲು 'ವಾಯ್ಡ್ ಮೇನ್' ಅಂತ ಬರೆದಿದ್ದು ನೋಡಿ ಮೈಯೆಲ್ಲಾ ಉರಿದುಹೋಯಿತು. ಮೂರನೆಯವರು, ಟರ್ಬೋ ಸಿ ಇನ್ನೂ ಬದುಕಿದೆಯಾ ಅಂತ ಕೇಳಿದರು. ಅದು ಸಿ ಪ್ರೋಗ್ರಾಮ್ ಬರೆದು ಓಡಿಸಲು 1987ರಲ್ಲಿ ಬಂದ ಸಾಫ್ಟ್‌ವೇರು, ನೀಲಿ ಪರದೆ, ಹಳದಿ ಅಕ್ಷರ, ನಮ್ಮ ಲ್ಯಾಬಿನಲ್ಲಿ ಇದ್ದದ್ದೇ ಅದು, ನಾನೇನು ಆಸೆಪಟ್ಟು ಹಾಕಿಸಿಕೊಂಡಿದ್ದೆನಾ? ನಾಲ್ಕನೆಯವರು 'ನೀನು ಏನೇನು ಟ್ರೈ ಮಾಡಿದೆ' ಅಂದರು. ಐದನೆಯವರು, ಇದನ್ನು ಆಗಲೇ ಕೇಳಿದ್ದಾರೆ ಅಂತ ಒಂದು ಲಿಂಕು ಕೊಟ್ಟರು. ಹೋಗಿ ನೋಡಿದರೆ ಅದು ಜಾವಾ ಅನ್ನುವ ಬೇರೆ ಭಾಷೆಯ ಪ್ರಶ್ನೆ, ಅದಕ್ಕೂ ಬೀಗ ಬಿದ್ದಿತ್ತು, ಅಂದರೆ ಇನ್ನು ಯಾರೂ ಉತ್ತರ ಬರೆಯುವಂತಿಲ್ಲ. ವಾಪಸ್ ಬರುವಷ್ಟರಲ್ಲಿ ನನ್ನದಕ್ಕೂ ಬಿದ್ದಿತ್ತು. ಬೀಗ ಹಾಕುವ ಮುಂಚೆ ಯಾರೋ ಪುಣ್ಯಾತ್ಮರು ನನ್ನ 'ರೆಸ್ಪೆಕ್ಟೆಡ್ ಸರ್' ಅನ್ನು ಅಳಿಸಿ, 'ಥ್ಯಾಂಕಿಂಗ್ ಯೂ' ಕಿತ್ತು, ವ್ಯಾಕರಣ ತಿದ್ದಿ ಹೋಗಿದ್ದರು. ಹೆಣಕ್ಕೆ ಸ್ನಾನ ಮಾಡಿಸಿದ ಹಾಗೆ.

ಮಾರನೇ ದಿನ ಪ್ರಿಂಟರಿಗೆ ಹಾಳೆ ತುಂಬಲು ಬಂದ ಲ್ಯಾಬ್ ಅಟೆಂಡರ್ ಅಣ್ಣ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಪರದೆಗೆ ಬೆರಳಿಟ್ಟರು. "ಫಾರ್ ಸಾಲಿನ ಕೊನೇಲಿ ಸೆಮಿಕೋಲನ್ ಹಾಕಿದ್ದೀಯಲ್ಲೋ. ಲೂಪಿನ ಬಾಗಿಲಿಗೇ ಬೀಗ ಜಡಿದ್ರೆ ಒಳಗೆ ಹೋಗೋದು ಹೆಂಗೆ?" ಮೂರು ಸೆಕೆಂಡು. ನಾನು ಏನೇನು ಟ್ರೈ ಮಾಡಿದೆ ಅಂತ ಅವರು ಕೇಳಲೇ ಇಲ್ಲ.

ಈಗ ಈ ಲೋಕದ ರಾಜಧಾನಿಗೆ ಬರೋಣ. 2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪಾಲ್‌ಸ್ಕಿ ಸೇರಿ ಕಟ್ಟಿದ ಸ್ಟಾಕ್ ಓವರ್‌ಫ್ಲೋ, ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಸೈಟು. ಬೆಂಗಳೂರಿನ ಐಟಿ ಸಂಬಳದಲ್ಲಿ ಒಂದು ಪಾಲು ಅದಕ್ಕೆ ಸಲ್ಲಬೇಕಾದದ್ದು, ಅಷ್ಟು ಕಾಪಿ ಹೊಡೆದಿದ್ದೇವೆ. ಅಲ್ಲಿನ ಮೂಲ ಗುಟ್ಟು ಏನೆಂದರೆ ಅದು ಸಹಾಯ ಕೇಂದ್ರವೇ ಅಲ್ಲ, ಗ್ರಂಥಾಲಯ. ನಿಮ್ಮ ಪ್ರಶ್ನೆ ನಿಮಗೋಸ್ಕರ ಅಲ್ಲ, ಮುಂದೆ ಹುಡುಕಿಕೊಂಡು ಬರುವ ಸಾವಿರಾರು ಜನಕ್ಕೆ. ಒಳ್ಳೆಯ ಯೋಚನೆಯೇ. ಆದರೆ ಹೊರಗಿನ ಬೋರ್ಡು ನೋಡಿದವರಿಗೆ ಅದು ಆಸ್ಪತ್ರೆಯ ಥರ ಕಾಣುತ್ತದೆ. ಜ್ವರ ಅಂತ ಒಳಗೆ ಹೋದರೆ, ಈ ಜ್ವರ 2011ರಲ್ಲೇ ಒಬ್ಬರಿಗೆ ಬಂದಿತ್ತು, ಅವರ ಫೈಲು ಓದಿಕೊಳ್ಳಿ ಅನ್ನುತ್ತಾರೆ.

ಇನ್ನು ಪಾಯಿಂಟುಗಳ ಲೆಕ್ಕ. ಹುಟ್ಟುವಾಗ ನಿಮ್ಮ ಹತ್ತಿರ ಇರುವುದು 1 ಪಾಯಿಂಟು. ಒಬ್ಬರ ಉತ್ತರ ಚೆನ್ನಾಗಿದೆ ಅಂತ ಓಟು ಹಾಕಲು 15 ಬೇಕು. ಬೇರೆಯವರ ಪ್ರಶ್ನೆ ಕೆಳಗೆ 'ಸ್ವಲ್ಪ ಬಿಡಿಸಿ ಹೇಳ್ತೀರಾ' ಅಂತ ಒಂದು ಮಾತು ಬರೆಯಲು 50 ಬೇಕು. ಪಾಯಿಂಟು ಬರಬೇಕಾದರೆ ಕೇಳಿದ ಪ್ರಶ್ನೆ ಜನಕ್ಕೆ ಹಿಡಿಸಬೇಕು, ಇಲ್ಲವೇ ಉತ್ತರ ಹೇಳಬೇಕು, ಉತ್ತರ ಗೊತ್ತಿದ್ದರೆ ಅಲ್ಲಿಗೆ ಯಾಕೆ ಹೋಗುತ್ತಿದ್ದೆವು ಅಲ್ವಾ? 3,000 ಆದರೆ ಇನ್ನೊಬ್ಬರ ಪ್ರಶ್ನೆ ಮುಚ್ಚಿಸಲು ಓಟು ಹಾಕುವ ಅಧಿಕಾರ ಸಿಗುತ್ತದೆ. ಮಜಾ ಕೇಳಿ: ಉತ್ತರಕ್ಕೆ ಮೈನಸ್ ಒತ್ತಿದರೆ ಒತ್ತಿದವರ ಜೇಬಿನಿಂದಲೂ 1 ಪಾಯಿಂಟು ಹೋಗುತ್ತದೆ, ಪ್ರಶ್ನೆಗೆ ಒತ್ತಿದರೆ ಏನೂ ಹೋಗುವುದಿಲ್ಲ. ಅಂದರೆ ಹೇಳಿದವರಿಗೆ ಬೈಯಲು ಟಿಕೆಟ್ಟು, ಕೇಳಿದವರಿಗೆ ಬೈಯುವುದು ಫ್ರೀ.

ನಮ್ಮ ತಾಲೂಕು ಕಚೇರಿಯ ಕೇಸ್ ವರ್ಕರು ಅರ್ಜಿ ವಾಪಸ್ ಕಳಿಸಿದರೆ ಅದಕ್ಕೊಂದು ಅರ್ಥ ಇರುತ್ತದೆ, ಹೊರಗೆ ಟೀ ಅಂಗಡಿ ಹತ್ತಿರ ಅದನ್ನು ಬಗೆಹರಿಸಿಕೊಳ್ಳಬಹುದು. ಇಲ್ಲಿ ಇಷ್ಟೆಲ್ಲಾ ಜನ ಸಂಬಳವಿಲ್ಲದೆ, ಗಿಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು ಅರ್ಜಿ ತಿರಸ್ಕರಿಸುತ್ತಾರೆ. ಇಂಥ ನಿಸ್ವಾರ್ಥ ಸೇವೆ ಎಲ್ಲಿ ಕಂಡಿದ್ದೀರಿ?

ಪೆದ್ದು ಪ್ರಶ್ನೆ ಅಂತ ಬೈಯುವವರಿಗೆ ಒಂದು ಮಾತು. ವಿಮ್ ಅಂತ ಒಂದಿದೆ, ಪ್ರೋಗ್ರಾಮ್ ಬರೆಯುವ ಎಡಿಟರ್ ಸಾಫ್ಟ್‌ವೇರು, ಅದರ ಒಳಗೆ ಹೋದವರಿಗೆ ಹೊರಗೆ ಬರುವ ದಾರಿ ಗೊತ್ತಾಗುವುದಿಲ್ಲ. 2012ರಲ್ಲಿ ಯಾರೋ ಮರ್ಯಾದೆ ಬಿಟ್ಟು ಕೇಳೇಬಿಟ್ಟರು. 2017ರಲ್ಲಿ ಆ ಪ್ರಶ್ನೆಯನ್ನು ನೋಡಿದವರ ಲೆಕ್ಕ 10 ಲಕ್ಷ ದಾಟಿತು, ಸೈಟಿನವರೇ ಅದನ್ನು ಹೆಮ್ಮೆಯಿಂದ ಸಾರಿದರು. ಹತ್ತು ಲಕ್ಷ ಸಲ ಜನ ಬಾಗಿಲು ಹುಡುಕುತ್ತಾ ಬಂದಿದ್ದಾರೆ, ಬಾಯಿಬಿಟ್ಟು ಕೇಳಿದ್ದು ಒಬ್ಬರು.

2018ರ ಏಪ್ರಿಲ್‌ನಲ್ಲಿ ಕಂಪನಿಯೇ ಒಪ್ಪಿಕೊಂಡಿತು, ಹೌದು, ನಮ್ಮಲ್ಲಿ ಹೊಸಬರಿಗೆ ಸ್ವಾಗತ ಸಾಲದು ಅಂತ. ಒಳ್ಳೆಯದೇ. ಪರಿಹಾರ ಏನು ಮಾಡಿದರು? ಅದೇ ವರ್ಷ ಹೊಸಬರ ಹೆಸರಿನ ಪಕ್ಕ ಕೈ ಬೀಸುವ ಪುಟ್ಟ ಚಿತ್ರ ಹಾಕಿ, ಇವರು ಹೊಸಬರು, ಮೆತ್ತಗೆ ಮಾತಾಡಿ ಅಂತ ಬರೆದರು. ಬೆಂಗಳೂರಿನಲ್ಲಿ ಕಾರು ಕಲಿಯುವಾಗ ಹಿಂದೆ 'ಎಲ್' ಬೋರ್ಡು ಹಾಕಿಕೊಂಡವರಿಗೆ ಇದರ ಫಲ ಗೊತ್ತಿರುತ್ತದೆ. ಬೋರ್ಡು ಕಂಡ ಮೇಲೆ ಹಾರ್ನು ಇನ್ನೂ ಜಾಸ್ತಿ.

ಭಾಷೆಯ ವಿಷಯಕ್ಕೂ ಅವರು ಕುರುಡರೇನಲ್ಲ. ಪೋರ್ಚುಗೀಸ್, ಸ್ಪ್ಯಾನಿಶ್, ರಷ್ಯನ್, ಜಪಾನಿಗೆ ಬೇರೆ ಬೇರೆ ಮನೆ ಕಟ್ಟಿಕೊಟ್ಟರು. ಕನ್ನಡ ಬಿಡಿ, ಹಿಂದಿಗೂ ಇಲ್ಲ. ನಮಗೆಲ್ಲ ಇಂಗ್ಲಿಷ್ ಬರುತ್ತದಲ್ಲ, ರಜಾ ಅರ್ಜಿ ಮಟ್ಟಕ್ಕೆ.

ಸುಮ್ನೆ ಒಂದು ಕಡೆ ಮಾತಾಡಬಾರದು. ಹೊಸಬರೂ ಸಾಮಾನ್ಯರಲ್ಲ. ಪರದೆಯನ್ನು ಮೊಬೈಲಿನಲ್ಲಿ ವಾಲಿಸಿ ಫೋಟೋ ತೆಗೆದು, ಚಾರ್ಜರ್ ವೈರು, ಅರ್ಧ ಲೋಟ ಕಾಫಿ ಎಲ್ಲಾ ಕಾಣುವ ಹಾಗೆ ಹಾಕಿ, ಎರರ್ ಇರುವ ಸಾಲು ಮಾತ್ರ ಕಾಣದ ಹಾಗೆ ನೋಡಿಕೊಳ್ಳುತ್ತಾರೆ. ಕೆಳಗೆ 'ಅರ್ಜೆಂಟ್ ಸರ್, ನಾಳೆ ಸಬ್ಮಿಷನ್'. ಪೂರ್ತಿ ಅಸೈನ್‌ಮೆಂಟ್ ಅಂಟಿಸುವವರಿದ್ದಾರೆ, ಕೊನೆಗೆ ಆವರಣದಲ್ಲಿ ಇರುವ '10 ಅಂಕಗಳು' ಅನ್ನುವುದನ್ನು ಅಳಿಸಲೂ ಸೋಮಾರಿತನ. ದಿನಕ್ಕೆ ಇಂಥವು ಇಪ್ಪತ್ತು ನೋಡಿದ ಮೇಲೆ ಇಪ್ಪತ್ತೊಂದನೆಯವರಿಗೆ ಬೈಗುಳ ಬೀಳುವುದು ಸಹಜ. ತೊಂದರೆ ಏನೆಂದರೆ ಆ ಇಪ್ಪತ್ತೊಂದನೆಯವರು ನಿಜವಾಗಿ ಕಷ್ಟದಲ್ಲಿರುತ್ತಾರೆ.

ಇದು ನನಗೆ ಹೇಗೆ ಗೊತ್ತು ಅಂತೀರಾ? ನಾನೂ ಒಂದು ಕಾಲಕ್ಕೆ ಬೀಗ ಹಾಕುವವರ ಸಾಲಿಗೆ ಸೇರಿದೆ. ಅತ್ತೆಯ ಕೈಲಿ ಅನುಭವಿಸಿದ ಸೊಸೆ ಮುಂದೆ ತಾನೂ ಅತ್ತೆಯಾಗುತ್ತಾಳಲ್ಲ, ಹಾಗೆ. ಮೊದಲ ದಿನ ಒಬ್ಬ ಹುಡುಗನ 'ರೆಸ್ಪೆಕ್ಟೆಡ್ ಸರ್' ಅಳಿಸಿದೆ. ಎಂಥ ಸುಖ ಅಂತೀರಿ! ಉತ್ತರ ಬರೆಯಲು ಇಪ್ಪತ್ತು ನಿಮಿಷ ಬೇಕು, ತಪ್ಪಾದರೆ ಮಾನ ಹೋಗುತ್ತದೆ. ಮುಚ್ಚಲು ಓಟು ಹಾಕುವುದಕ್ಕೆ ಒಂದು ಕ್ಲಿಕ್ಕು ಸಾಕು, ಅದರಲ್ಲಿ ತಪ್ಪು ಹುಡುಕುವವರು ಯಾರೂ ಇಲ್ಲ.

2021ರಲ್ಲಿ ಪ್ರೋಸಸ್ ಅನ್ನುವ ಕಂಪನಿ 180 ಕೋಟಿ ಡಾಲರ್ ಕೊಟ್ಟು ಸ್ಟಾಕ್ ಓವರ್‌ಫ್ಲೋವನ್ನು ಕೊಂಡುಕೊಂಡಿತು. ಮರುವರ್ಷ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂತು. ಅದು ಬರೆದ ಉತ್ತರಗಳನ್ನು ಡಿಸೆಂಬರ್‌ನಲ್ಲೇ ಸೈಟಿನಲ್ಲಿ ನಿಷೇಧಿಸಿದರು, ನೋಡಲು ಸರಿ ಅನಿಸುತ್ತದೆ, ಒಳಗೆ ತಪ್ಪಿರುತ್ತದೆ ಅಂತ. ನಿಜವೇ. ಆದರೆ ಜನ ಆಗಲೇ ಎದ್ದು ಹೊರಟಿದ್ದರು. ಒಂದು ಕಡೆ ಸರಿಯಾದ ಉತ್ತರ ಮತ್ತು ಕಪಾಳಕ್ಕೆ ಏಟು, ಇನ್ನೊಂದು ಕಡೆ ತಪ್ಪು ಉತ್ತರ ಮತ್ತು 'ಒಳ್ಳೆಯ ಪ್ರಶ್ನೆ ಕೇಳಿದಿರಿ!'. 2024ರಲ್ಲಿ ಅದೇ ಸೈಟು ಚಾಟ್‌ಜಿಪಿಟಿ ಮಾಡಿದವರ ಜೊತೆಗೇ ಒಪ್ಪಂದ ಮಾಡಿಕೊಂಡಿತು. ಸಿಡುಕು ಜನ ವರ್ಷಗಟ್ಟಲೆ ಪುಕ್ಕಟೆ ಬರೆದದ್ದನ್ನೇ ಓದಿ ಇವತ್ತು ಯಂತ್ರ ನಯವಾಗಿ ಮಾತಾಡುತ್ತಿದೆ. ಹೊಸ ಪ್ರಶ್ನೆಗಳು ಎಷ್ಟು ಕಮ್ಮಿಯಾಗಿವೆ ಅಂದರೆ, ಮುಚ್ಚಲು ಪ್ರಶ್ನೆಗಳೇ ಸಿಗದೆ ಒದ್ದಾಡುತ್ತಿರುವ ಹಿರಿಯರನ್ನು ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಮೊನ್ನೆ ಭಾನುವಾರ ಅಕ್ಕನ ಮಗಳು ನಮ್ಮ ಮನೆಯ ಸೋಫಾದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಪೈಥಾನ್, ಏನೋ ಎರರ್. ಅದನ್ನು ಯಂತ್ರಕ್ಕೆ ಹಾಕಿ ಗೊಣಗುತ್ತಿದ್ದಳು. ನನ್ನ ಕೈ ಸುಮ್ಮನಿರಲಿಲ್ಲ, ಬಗ್ಗಿ ನೋಡಿದೆ. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಇದನ್ನ ಮೊದಲೇ ಯಾರಾದ್ರೂ ಕೇಳಿರ್ತಾರೆ. ಹುಡುಕಿ ನೋಡಿದ್ಯಾ?"

ಅವಳು ತಲೆ ಎತ್ತಲೂ ಇಲ್ಲ.

"ಮಾಮ, ನಿನ್ನ ಕೇಳಿದ್ನಾ ನಾನು?"